ನೀರಿಲ್ಲ, ಮುಚ್ಚಳವಿಲ್ಲ, ಸೌಟಿಲ್ಲ: ಒಂದೇ ಟ್ರೇಯಲ್ಲಿ ಭಾನುವಾರದ ಕೋಳಿಯೂಟ

ನಮ್ಮ ಓವನ್ ಮನೆಗೆ ಬಂದ ಮೊದಲ ಎರಡು ವರ್ಷ ಹಪ್ಪಳದ ಡಬ್ಬ ಇಡುವ ಕಪಾಟಾಗಿತ್ತು. ಮಗಳ ಹುಟ್ಟುಹಬ್ಬಕ್ಕೆ ಒಮ್ಮೆ ಕೇಕ್ ಮಾಡಿದೆ, ಅದು ನಡುವೆ ಕುಸಿದು ಕೂತಿತು, ಆಮೇಲೆ ಯಾರೂ ಅದರ ಗುಂಡಿ ಮುಟ್ಟಲಿಲ್ಲ. ಈಗ ತಿಂಗಳಿಗೆ ಎರಡು ಭಾನುವಾರವಾದರೂ ರಾತ್ರಿಯ ಊಟ ಅದರೊಳಗಿಂದಲೇ ಬರುತ್ತದೆ. ಒಂದು ಟ್ರೇ, ಅದರಲ್ಲಿ ಎಂಟು ತುಂಡು ಕೋಳಿ, ಸುತ್ತ ಆಲೂಗೆಡ್ಡೆ, ಕ್ಯಾರೆಟ್, ಈರುಳ್ಳಿ. ಐದು ಜನರ ಊಟಕ್ಕೆ ನನ್ನ ಕೈಕೆಲಸ ಇಪ್ಪತ್ತೈದು ನಿಮಿಷ. ಮಿಕ್ಕ ಮುಕ್ಕಾಲು ಗಂಟೆ ಓವನ್ನಿನ ಪಾಲು.

ಮೊದಲ ಸಲ ಮಾಡಿದ್ದು ಮಾತ್ರ, ನಮ್ಮತ್ತೆಯ ಮಾತಿನಲ್ಲಿ ಹೇಳುವುದಾದರೆ, ಜ್ವರ ಬಂದವರಿಗೆ ಕೊಡುವ ಕೋಳಿಯಾಗಿತ್ತು. ಬಿಳಿಚಿಕೊಂಡ ತುಂಡುಗಳು, ಕೆಳಗೆ ಅರ್ಧ ಅಂಗುಲ ನೀರು, ಅದರಲ್ಲಿ ತೇಲುವ ಅರೆಬೆಂದ ಕ್ಯಾರೆಟ್. ತಪ್ಪು ಓವನ್ನಿನದಲ್ಲ, ನನ್ನ ಕೈಯದು. ಸಾರು ಮಾಡಿ ಬೆಳೆದ ಕೈಗೆ ಮೂರು ಅಭ್ಯಾಸಗಳಿರುತ್ತವೆ: ತಳ ಹಿಡಿಯದಂತೆ ನೀರು ಹಾಕುವುದು, ಬೇಗ ಬೇಯಲೆಂದು ಮುಚ್ಚುವುದು, ಐದು ನಿಮಿಷಕ್ಕೊಮ್ಮೆ ಸೌಟಾಡಿಸುವುದು. ಈ ಅಡುಗೆಯಲ್ಲಿ ಈ ಮೂರನ್ನೂ ಬಿಡಬೇಕು. ತುಂಡಿನ ಮೈಮೇಲೆ ನೀರು ಇರುವವರೆಗೆ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಚರ್ಮ ಚೆನ್ನಾಗಿ ಕೆಂಪಗಾಗಲು ಶುರುವಾಗುವುದೋ 140ರ ಆಸುಪಾಸಿನಲ್ಲಿ. ನಡುವಿನ ಈ ದೂರವನ್ನು ದಾಟಿಸುವುದೇ ಇಲ್ಲಿನ ಕೆಲಸ, ಅಂದರೆ ನೀರನ್ನು ಹೊರಗೆ ಕಳಿಸುತ್ತಾ ಹೋಗುವುದು.

ಇನ್ನು ಕೋಳಿ. ನಾವಿರುವುದು ಹಾಸನದಲ್ಲಿ. ಇಲ್ಲಿ ಕೋಳಿ ಅಂದರೆ ನಾಟಿ ಕೋಳಿ, ಅದರ ಸಾರು, ಜೊತೆಗೆ ಮುದ್ದೆ. ಅದಕ್ಕೆ ಸಾಟಿಯಿಲ್ಲ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ, ನಾಟಿ ಕೋಳಿಯನ್ನು ಟ್ರೇಗೆ ಹಾಕಬೇಡಿ. ತಿಂಗಳುಗಟ್ಟಲೆ ಓಡಾಡಿ ಗಟ್ಟಿಯಾದ ಮಾಂಸ ಅದು, ನೀರಿನಲ್ಲಿ ನಿಧಾನವಾಗಿ ಬೆಂದರೆ ಮಾತ್ರ ಬಿಡುತ್ತದೆ. ಒಣ ಬಿಸಿಯಲ್ಲಿ ಚಪ್ಪಲಿಯಾಗುತ್ತದೆ. ಆರೇಳು ವಾರದಲ್ಲಿ ಬೆಳೆದ ಬ್ರಾಯ್ಲರ್ ಇದಕ್ಕೆ ಸರಿ. ಅದರಲ್ಲೂ ಎದೆಯ ಭಾಗ ಬೇಡ, ಆಲೂಗೆಡ್ಡೆ ಬೇಯುವ ಹೊತ್ತಿಗೆ ಅದು ಹತ್ತಿಯಾಗಿರುತ್ತದೆ. ಕಾಲು ಮತ್ತು ತೊಡೆ ಸೇರಿದ ಇಡೀ ಲೆಗ್ ಪೀಸ್ ನಾಲ್ಕು ತನ್ನಿ, ಸುಮಾರು ಒಂದು ಕೆ.ಜಿ. ತೂಗುತ್ತವೆ. ಹತ್ತು ನಿಮಿಷ ಹೆಚ್ಚು ಬೆಂದರೂ ಅವು ಕೆಡುವುದಿಲ್ಲ.

ಅಂಗಡಿಯಲ್ಲಿ ಒಂದು ಮಾತನ್ನು ಮುಂಚೆಯೇ ಹೇಳಬೇಕು: ಚರ್ಮ ಇರಲಿ. ನಮ್ಮ ಕಡೆ ಕೇಳದೆಯೇ ಚರ್ಮ ಸುಲಿದು ಕೊಡುತ್ತಾರೆ, ಪುಕ್ಕ ಕೀಳುವುದಕ್ಕಿಂತ ಅವರಿಗೆ ಅದೇ ಸುಲಭ. ಯಂತ್ರಕ್ಕೆ ಹಾಕಿ ಪುಕ್ಕ ತೆಗೆಸಿಕೊಡಿ ಎಂದು ಕೇಳಿ. ಭಾನುವಾರ ಹತ್ತು ಗಂಟೆಯ ನೂಕುನುಗ್ಗಲಿನಲ್ಲಿ ಇದನ್ನು ಕೇಳಿದರೆ ಅಂಗಡಿಯವನ ಮುಖ ನೋಡಬೇಕಾಗುತ್ತದೆ, ಹಾಗಾಗಿ ನಾನು ಎಂಟಕ್ಕೇ ಹೋಗುತ್ತೇನೆ. ಚರ್ಮ ಯಾಕೆ ಬೇಕೆಂದರೆ, ಅದರಿಂದ ಇಳಿಯುವ ಕೊಬ್ಬಿನಲ್ಲಿಯೇ ತರಕಾರಿ ಹುರಿಯುವುದು. ತಿನ್ನದವರು ತಟ್ಟೆಯಲ್ಲಿ ಬಿಡಿಸಿ ಪಕ್ಕಕ್ಕಿಡಲಿ. ನಮ್ಮ ಮನೆಯಲ್ಲಿ ಹಾಗೆ ಪಕ್ಕಕ್ಕಿಟ್ಟದ್ದನ್ನು ಮಗ ಕಾದು ಕೂತಿರುತ್ತಾನೆ.

ಬೆಳಿಗ್ಗೆ ತಂದ ಕೂಡಲೇ ಮಾಡುವ ಕೆಲಸವೇ ಮುಖ್ಯವಾದದ್ದು. ಪ್ರತಿ ಲೆಗ್ ಪೀಸನ್ನು ಕೀಲಿನ ಹತ್ತಿರ ಎರಡು ಮಾಡಿ, ತೊಡೆ ಬೇರೆ, ಕಾಲು ಬೇರೆ. ಚರ್ಮದ ಒಳಬದಿಯಲ್ಲಿ ಕೀಲಿನ ಮೇಲೆ ಒಂದು ತೆಳು ಕೊಬ್ಬಿನ ಗೆರೆ ಕಾಣುತ್ತದೆ. ಅದರ ಮೇಲೆಯೇ ಚಾಕು ಇಟ್ಟರೆ ಮೂಳೆ ಅಡ್ಡ ಬರುವುದಿಲ್ಲ. ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಹಸಿ ಕೋಳಿಯ ಮೇಲಿನ ರೋಗಾಣುಗಳು ಸಿಡಿದ ನೀರಿನೊಂದಿಗೆ ಸಿಂಕ್, ಪಾತ್ರೆ, ಪಕ್ಕದ ಸೊಪ್ಪಿನ ಮೇಲೆಲ್ಲ ಕೂರುತ್ತವೆ, ಓವನ್ನಿನ ಬಿಸಿಯಲ್ಲಿ ಅವು ಹೇಗೂ ಸಾಯುತ್ತವೆ. ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆಯದ ಕೋಳಿಯನ್ನು ಅತ್ತೆ ಮುಟ್ಟುವುದಿಲ್ಲ. ಹಾಗಾಗಿ ನಮ್ಮಲ್ಲಿ ಒಂದು ರಾಜಿಯಾಗಿದೆ: ಅಗಲ ಪಾತ್ರೆಯಲ್ಲಿ ನೀರು ಸಿಡಿಯದಂತೆ ಒಂದೇ ಸಲ ಅದ್ದಿ ತೆಗೆಯುವುದು, ಆಮೇಲೆ ಸಿಂಕನ್ನು ಸೋಪು ಹಾಕಿ ಉಜ್ಜುವುದು ನನ್ನ ಪಾಲಿಗೆ.

ತೊಳೆಯಿರಿ, ಬಿಡಿ, ಒರೆಸುವುದನ್ನು ಮಾತ್ರ ಬಿಡಬೇಡಿ. ಪೇಪರ್ ಟವೆಲ್‌ನಿಂದ ಪ್ರತಿ ತುಂಡನ್ನೂ ಒತ್ತಿ ಒತ್ತಿ ಒರೆಸಿ. ಆಮೇಲೆ ಒಂದೂವರೆ ಟೀ ಚಮಚ ಪುಡಿಯುಪ್ಪನ್ನು ಎಲ್ಲ ಕಡೆ ಹಚ್ಚಿ, ಸ್ವಲ್ಪ ಚರ್ಮ ಎತ್ತಿ ಅದರ ಕೆಳಗೂ ಸವರಿ. ತಟ್ಟೆಯಲ್ಲಿ ಚರ್ಮ ಮೇಲಾಗಿ ಜೋಡಿಸಿ, ಮುಚ್ಚದೆ ಫ್ರಿಜ್ಜಿನ ಎಲ್ಲಕ್ಕಿಂತ ಕೆಳಗಿನ ಅಟ್ಟದಲ್ಲಿ ಇಡಿ, ಕೆಳಗಾದರೆ ಬೇರೆ ಪದಾರ್ಥದ ಮೇಲೆ ತೊಟ್ಟಿಕ್ಕುವುದಿಲ್ಲ. ಉಪ್ಪು ಮೊದಲು ನೀರು ಬಿಡಿಸುತ್ತದೆ, ಆಮೇಲೆ ಆ ಉಪ್ಪುನೀರನ್ನೇ ಮಾಂಸ ಒಳಗೆಳೆದುಕೊಳ್ಳುತ್ತದೆ, ಫ್ರಿಜ್ಜಿನ ಗಾಳಿಗೆ ಚರ್ಮ ಒಣಗುತ್ತದೆ. ಸಂಜೆ ಮುಟ್ಟಿದರೆ ಬೆರಳಿಗೆ ಅಂಟದೆ ತೆಳು ಕಾಗದದ ಹಾಗೆ ಬಿಗಿಯಾಗಿರುತ್ತದೆ. ಹಿಂದಿನ ರಾತ್ರಿಯೇ ಇಟ್ಟರೆ ಇನ್ನೂ ಒಳ್ಳೆಯದು. ಶನಿವಾರ ನಮ್ಮ ಫ್ರಿಜ್ಜಿಗೆ ಮಾಂಸ ಬರುವಂತಿಲ್ಲ, ಅದು ಬೇರೆ ವಿಷಯ. ಎಂಟು ಗಂಟೆಯ ಕಾಲ ಸಾಲುತ್ತದೆ.

ಮೊಸರು, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಗರಂ ಮಸಾಲೆ ಎಲ್ಲ ಹಾಕಿ ನೆನೆಸಿದರೆ ರುಚಿ ಹೆಚ್ಚಲ್ಲವೇ ಎಂದು ಕೇಳುವವರಿದ್ದಾರೆ. ಎರಡನೆಯ ಸಲ ನಾನೂ ಹಾಗೆಯೇ ಮಾಡಿದೆ. ಮೊಸರು ಮತ್ತೆ ನೀರು ಬಿಟ್ಟಿತು, ಟ್ರೇಯ ಅಂಚಿನಲ್ಲಿ ಮಸಾಲೆ ಸೀದು ಕಹಿಯಾಯಿತು, ಹೊಗೆಗೆ ಪಕ್ಕದ ಮನೆಯವರು ಬಂದು ವಿಚಾರಿಸಿದರು. ಈಗ ನನ್ನ ಮಸಾಲೆ ಇಷ್ಟೇ: ಎರಡು ಟೀ ಚಮಚ ಒರಟಾಗಿ ಕುಟ್ಟಿದ ಕಾಳುಮೆಣಸು, ಬಣ್ಣಕ್ಕೆ ಒಂದು ಟೀ ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದೂವರೆ ದೊಡ್ಡ ಚಮಚ ಎಣ್ಣೆ. ಪುಡಿಯನ್ನು ಎಣ್ಣೆಯಲ್ಲಿ ಕಲಸಿಯೇ ಹಚ್ಚಬೇಕು, ಒಣ ಪುಡಿ ಬೇಗ ಸೀಯುತ್ತದೆ. ಮೆಣಸು ಸಕಲೇಶಪುರದ ಕಡೆಯದು, ಕಾಫಿ ತೋಟದ ಮರಗಳಿಗೆ ಹಬ್ಬಿದ ಬಳ್ಳಿಯದು. ಕುಟ್ಟಿದ ಕೂಡಲೇ ಹಾಕಿದರೆ ಬೇರೆ ಏನೂ ಬೇಕೆನಿಸುವುದಿಲ್ಲ.

ತರಕಾರಿ ಹೆಚ್ಚುವಾಗ ಗಮನದಲ್ಲಿಡಬೇಕಾದದ್ದು ಅದು ಬೇಯುವ ಹೊತ್ತು. ಮೂರು ಆಲೂಗೆಡ್ಡೆ, ಸಿಪ್ಪೆ ತೆಗೆಯದೆ ಉಜ್ಜಿ ತೊಳೆದು, ಒಂದೂಕಾಲು ಅಂಗುಲದ ಹೋಳು. ನಮ್ಮ ಜಿಲ್ಲೆಯ ಮುಂಗಾರಿನ ಹೊಸ ಗೆಡ್ಡೆ ಸಿಕ್ಕುವ ಕಾಲದಲ್ಲಿ ಸಿಪ್ಪೆ ಎಷ್ಟು ತೆಳುವೆಂದರೆ ಬೆರಳಲ್ಲೇ ಉದುರುತ್ತದೆ. ಆದರೆ ಹೊಸದರಲ್ಲಿ ನೀರು ಹೆಚ್ಚು, ಗರಿಗರಿಯಾಗುವುದು ಕಡಿಮೆ. ಇದಕ್ಕೆ ಹಳೆಯ ಗೆಡ್ಡೆಯೇ ವಾಸಿ. ಎರಡು ಕ್ಯಾರೆಟ್, ಹೆಬ್ಬೆರಳ ದಪ್ಪಕ್ಕೆ. ಎರಡು ಈರುಳ್ಳಿ, ಬುಡ ಬಿಡಿಸದೆ ಉದ್ದಕ್ಕೆ ನಾಲ್ಕು ಭಾಗ. ಬುಡ ಹಿಡಿದುಕೊಂಡಿದ್ದರೆ ಎಸಳು ಚದುರಿ ಸೀಯುವುದಿಲ್ಲ. ಒಂದು ಬೆಳ್ಳುಳ್ಳಿ ಗಡ್ಡೆ, ಎಸಳು ಬಿಡಿಸಿ, ಸಿಪ್ಪೆ ಸಮೇತ. ಇವಿಷ್ಟೂ ಮೊದಲಿಗೇ ಹೋಗುತ್ತವೆ. ದಪ್ಪ ಮೆಣಸಿನಕಾಯಿ ಒಂದು, ದೊಡ್ಡ ಹೋಳು, ಇದು ಅರ್ಧ ದಾರಿಯಲ್ಲಿ. ಗೆಣಸು ಇಷ್ಟಪಡುವವರು ಕ್ಯಾರೆಟ್ ಬದಲು ಹಾಕಬಹುದು. ಟೊಮೆಟೊ, ಬದನೆಕಾಯಿ, ಸೋರೆಕಾಯಿ ಬೇಡ. ಟೊಮೆಟೊ ಹಾಕಿದ ದಿನ ಟ್ರೇಯಲ್ಲಿ ಗೊಜ್ಜು ಸಿಕ್ಕಿತು. ಹೆಚ್ಚಿದ ಆಲೂಗೆಡ್ಡೆಯನ್ನು ನೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಹರವಿ ಒಣಗಿಸಿ, ಎಲ್ಲ ತರಕಾರಿಗೂ ಒಂದು ದೊಡ್ಡ ಚಮಚ ಎಣ್ಣೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕೈಯಲ್ಲೇ ಕಲಸಿ.

ನನ್ನ ಟ್ರೇ 16 ಅಂಗುಲ ಉದ್ದ, 12 ಅಂಗುಲ ಅಗಲ. ಮೇಲೆ ಹೇಳಿದ ಅಳತೆ ಅದಕ್ಕೆ ಸರಿಹೋಗುತ್ತದೆ. ಚಿಕ್ಕ ಓವನ್ನಿನವರು ಕೋಳಿಯನ್ನೂ ತರಕಾರಿಯನ್ನೂ ಕಡಿಮೆ ಮಾಡಬೇಕೇ ಹೊರತು ಒಂದರ ಮೇಲೊಂದು ಪೇರಿಸಬಾರದು. ತುಂಡುಗಳ ನಡುವೆ ಟ್ರೇಯ ತಳ ಅಲ್ಲಲ್ಲಿ ಕಾಣುತ್ತಿರಬೇಕು. ಒತ್ತೊತ್ತಾಗಿ ಇಟ್ಟರೆ ಆವಿ ಹೋಗಲು ಜಾಗವಿಲ್ಲದೆ ಎಲ್ಲವೂ ಇಡ್ಲಿಯಂತೆ ಬೇಯುತ್ತದೆ. ತರಕಾರಿ ಹರವಿ, ನಡುವೆ ಕೋಳಿಯನ್ನು ಚರ್ಮ ಮೇಲಾಗಿ ಕೂರಿಸಿ. ತೊಡೆಗಳು ಮೂಲೆಗಳ ಕಡೆಗೆ, ಸಣ್ಣ ಕಾಲುಗಳು ನಡುವೆ. ಹೆಚ್ಚಿನ ಓವನ್ನುಗಳಲ್ಲಿ ಅಂಚಿನಲ್ಲಿಯೇ ಬಿಸಿ ಜಾಸ್ತಿ.

ಓವನ್ 200 ಡಿಗ್ರಿಗೆ ಮೊದಲೇ ಕಾದಿರಬೇಕು, ಹದಿನೈದು ನಿಮಿಷವಾದರೂ. ಫ್ಯಾನ್ ಇದ್ದರೆ 190 ಸಾಕು. ಗುಂಡಿಯ ಮೇಲಿನ ಅಂಕಿಯನ್ನು ನಾನು ನಂಬುವುದಿಲ್ಲ. ಒಳಗಿಡುವ ಒಂದು ಸಣ್ಣ ಥರ್ಮಾಮೀಟರ್ ತಂದು ನೋಡಿದಾಗ ನಮ್ಮದು 200 ಎಂದು ಹೇಳಿ 180ರಲ್ಲೇ ನಿಂತಿತ್ತು. ಅಂದಿನಿಂದ ಗುಂಡಿಯನ್ನು 220ಕ್ಕೆ ತಿರುಗಿಸುತ್ತೇನೆ. ದೊಡ್ಡ ಓವನ್ ಎರಡು ಸಾವಿರ ವಾಟ್‌ವರೆಗೂ ಎಳೆಯುತ್ತದೆ, ಅದನ್ನು ಮಿಕ್ಸಿ ಹಾಕುವ ಸಣ್ಣ ಪ್ಲಗ್ಗಿಗೆ ಸಿಕ್ಕಿಸದೆ 16 ಆಂಪಿಯರ್ ಪ್ಲಗ್ಗಿಗೇ ಹಾಕಿ. ಕನ್ವೆಕ್ಷನ್ ಇರುವ ಮೈಕ್ರೊವೇವ್‌ನಲ್ಲೂ ಇದು ಆಗುತ್ತದೆ, ಲೋಹದ ಟ್ರೇ ಇಟ್ಟು ಅಪ್ಪಿತಪ್ಪಿ ಮೈಕ್ರೊವೇವ್ ಗುಂಡಿ ಒತ್ತದಿದ್ದರೆ ಆಯಿತು.

ಟ್ರೇಯನ್ನು ನಡುವಿನ ಅಟ್ಟದಲ್ಲಿಟ್ಟು ಎರಡೂ ರಾಡ್ ಹಾಕಿ, ಇಪ್ಪತ್ತು ನಿಮಿಷ ಬಾಗಿಲು ಮುಟ್ಟಬೇಡಿ. ಹತ್ತನೆಯ ನಿಮಿಷಕ್ಕೆ ಚಟಪಟ ಸದ್ದು ಶುರುವಾಗಬೇಕು. ಬರೀ ಗುಳುಗುಳು ಕೇಳಿದರೆ ನೀರು ಹೆಚ್ಚಾಗಿದೆ ಎಂದರ್ಥ. ಹಾಗಾದಾಗ ಟ್ರೇ ಹೊರತೆಗೆದು ಒಂದು ಮೂಲೆಗೆ ಓರೆ ಮಾಡಿ ಆ ನೀರನ್ನು ಬಟ್ಟಲಿಗೆ ಬಸಿದುಕೊಳ್ಳಿ, ಚೆಲ್ಲಬೇಡಿ, ಕೊನೆಗೆ ಕೆಲಸಕ್ಕೆ ಬರುತ್ತದೆ. ಇಪ್ಪತ್ತು ನಿಮಿಷವಾದ ಮೇಲೆ ತರಕಾರಿಯನ್ನು ಮಾತ್ರ ಒಮ್ಮೆ ಮಗುಚಿ, ದಪ್ಪ ಮೆಣಸಿನಕಾಯಿ ಸೇರಿಸಿ, ಟ್ರೇಯ ಹಿಂದುಮುಂದು ಬದಲಿಸಿ ಒಳಗಿಡಿ. ಕೋಳಿಯನ್ನು ತಿರುವಬೇಡಿ, ತಿರುವಿದರೆ ಒಣಗಿದ ಚರ್ಮ ರಸಕ್ಕೆ ತಾಗಿ ಮೆತ್ತಗಾಗುತ್ತದೆ. ಇನ್ನೊಂದು ಇಪ್ಪತ್ತು, ಇಪ್ಪತ್ತೈದು ನಿಮಿಷ.

ನಡುವೆ ಕರೆಂಟ್ ಹೋದರೆ? ನಮಗೆ ಎರಡು ಸಲ ಆಗಿದೆ. ಐದು ಹತ್ತು ನಿಮಿಷದ ಮಾತಾದರೆ ಬಾಗಿಲು ತೆರೆಯದೆ ಕಾದು, ಬಂದ ಮೇಲೆ ಅಷ್ಟು ಹೊತ್ತು ಹೆಚ್ಚಿಗೆ ಬೇಯಿಸಿ. ಬರುವ ಲಕ್ಷಣ ಕಾಣದಿದ್ದರೆ ಎಲ್ಲವನ್ನೂ ದಪ್ಪ ತಳದ ಬಾಣಲೆಗೆ ಸುರಿದು ಗ್ಯಾಸಿನ ಮೇಲೆ ಮುಚ್ಚಿ ಬೇಯಿಸಿಬಿಡಿ. ರೋಸ್ಟ್ ಆಗುವುದಿಲ್ಲ, ಆದರೂ ಊಟವಾಗುತ್ತದೆ. ಅರೆಬೆಂದ ಕೋಳಿಯನ್ನು ಉಗುರುಬೆಚ್ಚಗೆ ಇಟ್ಟುಕೊಂಡು ಕೂರುವುದು ಮಾತ್ರ ಬೇಡ.

ಬೆಂದಿತೇ ಎಂದು ನೋಡುವುದು ಅತಿ ದಪ್ಪ ತೊಡೆಯಲ್ಲಿ. ಚಾಕುವಿನ ತುದಿಯನ್ನು ಮೂಳೆಯ ಪಕ್ಕಕ್ಕೆ ಇಳಿಸಿ ತೆಗೆದರೆ ಬರುವ ರಸ ತಿಳಿಯಾಗಿರಬೇಕು, ಮಾಂಸ ಮೂಳೆಯಿಂದ ಸಲೀಸಾಗಿ ಬಿಡಬೇಕು. ಥರ್ಮಾಮೀಟರ್ ಇದ್ದವರಿಗೆ 74 ಡಿಗ್ರಿ ಸುರಕ್ಷಿತ ಗಡಿ. ತೊಡೆಯಾದ್ದರಿಂದ ನಾನು 80 ದಾಟುವವರೆಗೆ ಬಿಡುತ್ತೇನೆ, ಆಗ ಎಳೆಗಳು ಸಡಿಲವಾಗುತ್ತವೆ. ಮೂಳೆಯ ಹತ್ತಿರ ಕೆಲವೊಮ್ಮೆ ಕಡುಗೆಂಪು ಕಲೆ ಕಾಣುತ್ತದೆ. ಎಳೆಯ ಬ್ರಾಯ್ಲರ್‌ನ ಮೂಳೆಯೊಳಗಿನ ಮಜ್ಜೆಯ ಬಣ್ಣ ಅದು. ಬಿಸಿ ಸರಿಯಾಗಿದ್ದರೆ ಅದಕ್ಕೆ ಹೆದರಬೇಕಾಗಿಲ್ಲ.

ಕೋಳಿಯನ್ನು ತಟ್ಟೆಗೆ ತೆಗೆದು ಎಂಟು ನಿಮಿಷ ಸುಮ್ಮನೆ ಬಿಡಿ. ಅಷ್ಟರಲ್ಲಿ ತರಕಾರಿಯ ಟ್ರೇಯನ್ನು ಮೇಲಿನ ಅಟ್ಟಕ್ಕೇರಿಸಿ ಮೇಲಿನ ರಾಡ್ ಮಾತ್ರ ಉರಿಯಲಿ. ಆಲೂಗೆಡ್ಡೆಯ ಮೂಲೆಗಳು ಕಂದು ಬಣ್ಣಕ್ಕೆ ತಿರುಗುವುದು ಈ ಎಂಟು ನಿಮಿಷದಲ್ಲಿಯೇ. ಆಮೇಲೆ ತರಕಾರಿಯನ್ನೂ ತೆಗೆದು, ಖಾಲಿ ಬಿಸಿ ಟ್ರೇಗೆ ಎರಡು ದೊಡ್ಡ ಚಮಚ ಬಿಸಿನೀರು, ಬಸಿದಿಟ್ಟ ರಸ, ಒಂದು ನಿಂಬೆಹಣ್ಣಿನ ಹುಳಿ ಹಾಕಿ, ತಳಕ್ಕೆ ಅಂಟಿದ ಕಂದು ಪದರವನ್ನು ಮರದ ಚಮಚದಿಂದ ಕೆರೆದು ಕದಡಿ. ಇಡೀ ಅಡುಗೆಗೆ ಸೇರುವ ನೀರು ಇದೊಂದೇ. ಸಿಗುವುದು ಒಂದು ಸಣ್ಣ ಬಟ್ಟಲು, ಕಪ್ಪುಮಿಶ್ರಿತ ಕೆಂಪು, ಕಾಳುಮೆಣಸಿನ ಖಾರ, ನಿಂಬೆಯ ಹುಳಿ, ಮೇಲೆ ಕೋಳಿಯ ಕೊಬ್ಬಿನ ಹೊಳಪು.

ಇದರ ಜೊತೆಗೆ ಮಕ್ಕಳಿಗೆ ಬ್ರೆಡ್ ಆದರೆ ಸಾಕು, ನಮ್ಮವರಿಗೂ ನನಗೂ ಅಕ್ಕಿರೊಟ್ಟಿ. ಅತ್ತೆ ಮೊದಮೊದಲು, "ಸಾರೇ ಇಲ್ಲವಲ್ಲಮ್ಮ, ಮುದ್ದೆ ಯಾವುದರಲ್ಲಿ ನುಂಗಲಿ?" ಎಂದು ತಟ್ಟೆ ದೂರ ಸರಿಸಿದ್ದರು. ಈಗ ಅವರಿಗೆಂದು ಸಣ್ಣ ಮುದ್ದೆ ಕಟ್ಟುತ್ತೇನೆ. ಅವರು ಬೆಂದ ಬೆಳ್ಳುಳ್ಳಿಯನ್ನು ಸಿಪ್ಪೆಯಿಂದ ಹಿಂಡಿ ಆ ಬಟ್ಟಲಿಗೆ ಕಲಸಿ, ಮುದ್ದೆ ಮುರಿದು ಅದರಲ್ಲಿ ಅದ್ದುತ್ತಾರೆ. ಬಟ್ಟಲು ಅವರ ಕಡೆಯಿಂದ ಈಚೆಗೆ ಬರುವಷ್ಟರಲ್ಲಿ ತಳ ಕಾಣುತ್ತಿರುತ್ತದೆ, ಹಾಗಾಗಿ ಬೇಕಾದವರು ಮೊದಲೇ ಬಡಿಸಿಕೊಳ್ಳಬೇಕು.

ಎಂಟು ತುಂಡು, ಐದು ಜನ. ಮಿಕ್ಕುವ ಮೂರರ ಲೆಕ್ಕಕ್ಕೆ ಪ್ರತಿ ಸಲ ತಕರಾರು ನಡೆಯುತ್ತದೆ. ಮೂಳೆಗಳನ್ನು ಎಸೆಯಬೇಡಿ, ಡಬ್ಬಿಗೆ ತುಂಬಿ ಫ್ರೀಜರಿನಲ್ಲಿಡಿ. ಸೋಮವಾರ ನಮ್ಮಲ್ಲಿ ಮಾಂಸವಿಲ್ಲ. ಮಂಗಳವಾರ ಅದನ್ನು ಕುಕ್ಕರಿಗೆ ಹಾಕಿ, ನಾಲ್ಕು ಲೋಟ ನೀರೆರೆದು ಅರ್ಧ ಗಂಟೆ ಕೂಗಿಸಿ ಸೋಸಿದರೆ ಮೆಣಸಿನ ಸಾರಿಗೆ ಅದಕ್ಕಿಂತ ಒಳ್ಳೆಯ ತಿಳಿ ಸಿಗುವುದಿಲ್ಲ.