ನಾಲ್ಕು ಎಕರೆಯಲ್ಲಿ ಮೂರು ಗುಂಡಿ

ಚಾಮರಾಜನಗರದಿಂದ ಗುಂಡ್ಲುಪೇಟೆ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ನಮ್ಮ ಜಮೀನಿದೆ. ಒಟ್ಟು ನಾಲ್ಕು ಎಕರೆ. ಮೇಲಿನ ತುದಿ ದಿಣ್ಣೆ, ಕೆಳಗಿನ ತುದಿ ಹಳ್ಳ. ದಿಣ್ಣೆಯಲ್ಲಿ ಕೆಂಪು ಮಣ್ಣು, ಹಳ್ಳದ ಪಕ್ಕ ಕಪ್ಪು. ನಮ್ಮ ದೊಡ್ಡಪ್ಪ ಮೇಲಿನದನ್ನು ಕೆಬ್ಬೆ ಅಂತಾರೆ, ಕೆಳಗಿನದನ್ನು ಎರೆ ಅಂತಾರೆ. ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೆ. ಯಾಕೆ ಹೀಗೆ ಅಂತ ಕೇಳಿಕೊಂಡಿರಲಿಲ್ಲ.

ಕೇಳುವಂತೆ ಮಾಡಿದ್ದು ಅರಿಶಿನ. ಮೂರು ವರ್ಷದ ಹಿಂದೆ ಇಡೀ ಜಮೀನಿಗೆ ಅರಿಶಿನ ಹಾಕಿದೆ. ಎಲ್ಲ ಕಡೆ ಒಂದೇ ಲೆಕ್ಕದ ನೀರು, ಒಂದೇ ಲೆಕ್ಕದ ರಾಸಾಯನಿಕ ಗೊಬ್ಬರ. ಕೆಳಗೆ ಗೆಡ್ಡೆ ಕೊಳೆಯಿತು. ಎಲೆಯ ನರ ಹಸಿರಾಗಿಯೇ ಇದ್ದು ನಡುವೆ ಹಳದಿ ತಿರುಗಿತು. ಮೇಲೆ ನೋಡಿದರೆ ನೀರು ಬಿಟ್ಟ ಎರಡೇ ದಿನಕ್ಕೆ ಗಿಡ ಸೊರಗುತ್ತಿತ್ತು. ಮಣ್ಣು ಪರೀಕ್ಷೆ ಮಾಡಿಸೋಣ ಅಂತ ಎಂಟು ಕಡೆ ಮಣ್ಣು ತೆಗೆದು, ಒಂದೇ ಟಬ್ಬಿನಲ್ಲಿ ಕಲಸಿ, ಅರ್ಧ ಕೆಜಿ ಕಳಿಸಿದೆ. ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 7.5 ಅಂತ ಕಾರ್ಡ್ ಬಂತು. ಆ ಕಾರ್ಡಿನಲ್ಲಿದ್ದ ಮಣ್ಣು ನನ್ನ ಜಮೀನಿನಲ್ಲಿ ಎಲ್ಲೂ ಇಲ್ಲ ಅಂತ ಗೊತ್ತಾಗಿದ್ದು ಗುಂಡಿ ತೋಡಿದ ಮೇಲೆ.

ಬೆಳೆ ಕಿತ್ತ ಮೇಲೆ, ಮಾರ್ಚ್‌ನಲ್ಲಿ, ಮೂರು ಗುಂಡಿ ತೋಡಿದೆ. ದಿಣ್ಣೆಯಲ್ಲಿ ಒಂದು, ಇಳಿಜಾರಿನ ಮಧ್ಯೆ ಒಂದು, ಹಳ್ಳದ ಹತ್ತಿರ ಒಂದು. ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು ಅಗಲ. ಬಿಸಿಲು ಬೀಳುವ ಕಡೆಯ ಗೋಡೆಯನ್ನು ಗುದ್ದಲಿಯಿಂದ ನೇರ ಕೆತ್ತಿ, ಆಮೇಲೆ ಚಾಕುವಿನ ತುದಿಯಿಂದ ಕೆದಕಿ ಬಿಡಿಸಿದೆ. ಇದು ಮುಖ್ಯ. ಗುದ್ದಲಿ ಸವರಿದ ಗೋಡೆ ನುಣ್ಣಗಾಗಿಬಿಡುತ್ತದೆ, ಪದರ ಕಾಣುವುದಿಲ್ಲ. ಕೆದಕಿದರೆ ಮಣ್ಣು ತನ್ನ ಹೆಂಟೆಯ ಆಕಾರದಲ್ಲೇ ಕಳಚಿಕೊಳ್ಳುತ್ತದೆ.

ದಿಣ್ಣೆಯ ಗುಂಡಿಯಲ್ಲಿ ಎರಡು ಅಡಿ ಕೆಂಪು ಮಣ್ಣು, ಅದರ ಕೆಳಗೆ ಗರಸು. ಆ ಗರಸನ್ನು ಕೈಯಲ್ಲಿ ಹಿಡಿದಾಗ ಒಂದು ಮಜಾ ಕಂಡಿತು. ಬಂಡೆಯ ಬಿಳಿ ಕಪ್ಪು ಪಟ್ಟೆ ಹಾಗೇ ಇದೆ, ಆದರೆ ಹಿಚುಕಿದರೆ ಪುಡಿಯಾಗುತ್ತದೆ. ಕಾಗೆ ಬಂಗಾರದ ಚೂರುಗಳು ಬಿಸಿಲಿಗೆ ಮಿನುಗುತ್ತವೆ. ಬಂಡೆ ಮಣ್ಣಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತಿದೆ, ಅಲ್ವಾ? ಇದು ನೈಸ್ ಅನ್ನುವ ಬಂಡೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಜಾತಿಯದು, ವಯಸ್ಸು ಸುಮಾರು 300 ಕೋಟಿ ವರ್ಷ.

ಮಧ್ಯದ ಗುಂಡಿಯಲ್ಲಿ ನಾಲ್ಕು ಅಡಿವರೆಗೂ ಕೆಂಪು. ಕೆಳಕ್ಕೆ ಹೋದಂತೆ ಜಿಗುಟು ಜಾಸ್ತಿ.

ಹಳ್ಳದ ಗುಂಡಿಗೆ ಎರಡು ದಿನ ಹಿಡಿಯಿತು. ಕೈ ತೂರುವಷ್ಟು ಬಿರುಕು ಬಿಟ್ಟ ನೆಲ. ಮೂರು ಅಡಿಯಿಂದ ಕೆಳಗೆ ಬಿಳಿ ಸುಣ್ಣಕಲ್ಲಿನ ಉಂಡೆಗಳು ಬಂದವು. ಒಂದರ ಮೇಲೆ ನಿಂಬೆ ರಸ ಹಿಂಡಿದೆ, ಸಣ್ಣ ಗುಳ್ಳೆ ಎದ್ದವು. ಮಣ್ಣಿನ ಹೆಂಟೆಗಳ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಒಂದಕ್ಕೊಂದು ಉಜ್ಜಿಕೊಂಡು ಆದ ಹೊಳಪು ಅದು. ಆರೂವರೆ ಅಡಿಗೆ ಎರೆ ಮುಗಿಯಿತು. ಅದರ ಕೆಳಗೆ ಏನಿತ್ತು ಗೊತ್ತಾ? ಅದೇ ಪಟ್ಟೆಯ ಗರಸು, ಅದೇ ಕಾಗೆ ಬಂಗಾರ.

ನಾನು ಸುಮಾರು ಹೊತ್ತು ಗುಂಡಿಯೊಳಗೇ ನಿಂತುಬಿಟ್ಟೆ. ಕಪ್ಪು ಮಣ್ಣು ಅಂದರೆ ಲಾವಾದಿಂದ ಬಂದದ್ದು ಅಂತ ಶಾಲೆಯಲ್ಲಿ ಓದಿದ್ದೆ. ವಿಜಯಪುರ, ಬೆಳಗಾವಿ, ಕಲಬುರಗಿ ಕಡೆ ಅದು ನಿಜ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಅಲ್ಲಿ ಬಂಡೆಯಾಗಿ, ಬಂಡೆ ಎರೆಯಾಗಿದೆ. ನಮ್ಮ ಕಡೆ ಆ ಲಾವಾ ಬಂದೇ ಇಲ್ಲ. ಇಲ್ಲಿ ಕೆಂಪಿಗೂ ಕಪ್ಪಿಗೂ ತಾಯಿ ಬಂಡೆ ಒಂದೇ.

ಆಮೇಲೆ ಓದಿ, ತಿಳಿದವರನ್ನು ಕೇಳಿ ಅರ್ಥಮಾಡಿಕೊಂಡದ್ದು ಇಷ್ಟು. ಗಾಳಿಯಲ್ಲಿರುವ ಮತ್ತು ಬೇರು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡ್ ಸೇರಿ ಮಳೆ ನೀರು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಬಂಡೆಯೊಳಗಿನ ಫೆಲ್ಡ್‌ಸ್ಪಾರ್ ಅನ್ನುವ ಖನಿಜವನ್ನು ನಿಧಾನಕ್ಕೆ ಜೇಡಿ ಮಾಡುತ್ತದೆ. ಬೆಣಚುಕಲ್ಲು ಸುಲಭಕ್ಕೆ ಕರಗದು, ಅದು ಮರಳಾಗಿ ಉಳಿಯುತ್ತದೆ. ಕಬ್ಬಿಣ ತುಕ್ಕು ಹಿಡಿದು ಅಲ್ಲೇ ನಿಲ್ಲುತ್ತದೆ, ಕೆಂಪು ಬಣ್ಣ ಅದರದ್ದು. ಸುಣ್ಣ, ಮೆಗ್ನೀಸಿಯಂ, ಸಿಲಿಕಾ ಇವೆಲ್ಲ ನೀರಿನ ಜೊತೆ ಇಳಿದು ಹೋಗುತ್ತವೆ. ದಿಣ್ಣೆಯಲ್ಲಿ ನೀರು ನಿಲ್ಲುವುದಿಲ್ಲ, ಹಾಗಾಗಿ ಅಲ್ಲಿ ಉಳಿದದ್ದು ಮರಳು, ತುಕ್ಕು, ಉಬ್ಬದ ಜೇಡಿ. ತಗ್ಗಿನಲ್ಲಿ ನೀರು ನಿಂತು ಆರುತ್ತದೆ. ಮೇಲಿನಿಂದ ಬಂದ ಸುಣ್ಣ, ಸಿಲಿಕಾ ಅಲ್ಲೇ ಸೇರಿ ಬೇರೆ ಜಾತಿಯ ಜೇಡಿ ಹುಟ್ಟುತ್ತದೆ. ಸ್ಮೆಕ್ಟೈಟ್ ಅಂತ ಅದರ ಹೆಸರು. ನೀರು ಕುಡಿದು ಉಬ್ಬುವುದು ಇದೇ. ಮಿಕ್ಕ ಸುಣ್ಣ ಉಂಡೆ ಕಟ್ಟುತ್ತದೆ.

ಕರಾವಳಿಯಲ್ಲಾದರೆ ಇಷ್ಟೊಂದು ಸುಣ್ಣ ನಿಲ್ಲುತ್ತಿರಲಿಲ್ಲ. ಅಲ್ಲಿನ ಮಳೆಗೆ ಎಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಜಂಬಿಟ್ಟಿಗೆ ಕಲ್ಲಾಗಿದೆ. ನಮ್ಮ ಕಡೆಯ ಅರೆಮಳೆ, ಉದ್ದ ಬೇಸಿಗೆ ಎರೆಗೆ ಬೇಕಿತ್ತು.

ಪಕ್ಕದ ಬಂಡೀಪುರ ಕಾಡಿನೊಳಗೆ ಮೂಲೆಹೊಳೆ ಅನ್ನುವಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ವರ್ಷಗಟ್ಟಲೆ ಇದನ್ನೇ ಅಳೆದಿದ್ದಾರೆ. ಅಲ್ಲೂ ಇದೇ ನೈಸ್. ಸುಮಾರು 80 ಭಾಗ ಕೆಂಪು, 20 ಭಾಗ ಕಪ್ಪು, ಕಪ್ಪು ಇರುವುದು ತಗ್ಗಿನಲ್ಲಿ. ಯಾರೂ ಉಳದ ಕಾಡಿನಲ್ಲೂ ಹೀಗೇ ಇದೆ ಅಂದರೆ, ಇದು ನಮ್ಮ ಬೇಸಾಯದಿಂದ ಆದದ್ದಲ್ಲ. ರಷ್ಯಾದ ಮಣ್ಣು ವಿಜ್ಞಾನಿ ಡೊಕುಚೇವ್ 1880ರ ದಶಕದಲ್ಲೇ ಹೇಳಿದ್ದ: ಮಣ್ಣನ್ನು ರೂಪಿಸುವುದು ಬಂಡೆ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ. ನನ್ನ ಜಮೀನಿನಲ್ಲಿ ದೊಡ್ಡ ವ್ಯತ್ಯಾಸ ಅಂದರೆ ಏರಿಳಿತ ಒಂದೇ. ಅಷ್ಟಕ್ಕೇ ಇಷ್ಟು ಬೇರೆ ಎರಡು ಮಣ್ಣು.

ಇನ್ನೊಂದು ತಪ್ಪು ತಿಳಿವಳಿಕೆಯೂ ಹೋಯಿತು. ಕಪ್ಪಗಿದೆ ಅಂದರೆ ಕೊಳೆತ ಸೊಪ್ಪುಸದೆ ತುಂಬಾ ಇದೆ ಅಂದುಕೊಂಡು, ಕೆಳಗಿನ ಎರೆಗೆ ಕೊಟ್ಟಿಗೆ ಗೊಬ್ಬರ ಕಡಿಮೆ ಹಾಕುತ್ತಿದ್ದೆ. ಈ ಸಲ ಎರಡೂ ಕಡೆಯದನ್ನು ಬೇರೆ ಬೇರೆ ಕಳಿಸಿದೆ. ಮೇಲೆ ಪಿಎಚ್ 6.4, ಕೆಳಗೆ 8.3. ಸಾವಯವ ಇಂಗಾಲ ಎರಡರಲ್ಲೂ ಕಡಿಮೆ. ಆ ಜೇಡಿಗೆ ಸ್ವಲ್ಪ ಸಾವಯವ ಅಂಶ ಅಂಟಿಕೊಂಡರೂ ಸಾಕು, ಕಪ್ಪಗೆ ಕಾಣುತ್ತದೆ. ಎಲೆ ಹಳದಿಯಾದದ್ದಕ್ಕೂ ಉತ್ತರ ಸಿಕ್ಕಿತು: ಸುಣ್ಣ ಜಾಸ್ತಿ ಇದ್ದಾಗ ಕಬ್ಬಿಣ, ಸತು ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ.

ಗುಂಡಿ ತೋಡಲು ಆಗದವರು ಬಾಟಲಿಯಲ್ಲಿ ನೋಡಬಹುದು. ಕಾಲು ಬಾಟಲಿ ಮಣ್ಣು, ಚಿಟಿಕೆ ಸೋಪಿನ ಪುಡಿ, ಮೇಲೆ ನೀರು. ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳ ಸೇರುವುದು ಮರಳು. ನನ್ನ ಕೆಂಪು ಮಣ್ಣಿನ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಎರೆಯ ಬಾಟಲಿ ಮಾರನೇ ದಿನವೂ ಬಗ್ಗಡವಾಗಿಯೇ ಇತ್ತು.

ಈಗ ಅರಿಶಿನ ಮಧ್ಯದ ಪಟ್ಟಿಯಲ್ಲಿ ಮಾತ್ರ, ಅದೂ ಏರು ಮಡಿಯಲ್ಲಿ. ಕೆಳಗೆ ಹಿಂಗಾರಿಗೆ ಕಡಲೆ. ಎರೆ ಹಿಡಿದಿಟ್ಟ ತೇವದಲ್ಲೇ ಅದು ಬಂದುಬಿಡುತ್ತದೆ. ಮೇಲೆ ರಾಗಿ, ಹುರುಳಿ. ದಿಣ್ಣೆಗೆ ಕೆರೆ ಗೋಡು ಹೊಡೆಸಿದೆ. ಗೋಡು ಅಂದರೆ ಹೊಲಗಳಿಂದ ಕೊಚ್ಚಿಹೋದ ನುಣುಪು ಮಣ್ಣೇ ತಾನೆ, ಅದನ್ನು ವಾಪಸ್ ಹತ್ತಿಸಿದ ಹಾಗೆ. ದೊಡ್ಡಪ್ಪ ಬಂದು ನೋಡಿ, "ನಾವು ಗಾಡಿ ಕಟ್ಟಿಕೊಂಡು ಹೊಡೀತಿದ್ವಲ್ಲಪ್ಪ, ನೀನು ನಿಲ್ಲಿಸಿದ್ದೆ" ಅಂದರು. ಮಧ್ಯೆ ಮೂರು ಬದು ಹಾಕಿಸಿದ್ದೇನೆ. ಬೆರಳಿನಷ್ಟು ದಪ್ಪ ಮಣ್ಣು ಹುಟ್ಟಲು ನೂರಾರು ವರ್ಷ ಬೇಕು, ಒಂದು ಜೋರು ಮಳೆಗೆ ಅದು ಹೋಗುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ.

ಕೆಂಪು ಮುಗಿದು ಕಪ್ಪು ಶುರುವಾಗುವಲ್ಲಿ ಹತ್ತು ಹನ್ನೆರಡು ಅಡಿಯ ಒಂದು ಪಟ್ಟಿ ಇದೆ. ಕಂದು ಬಣ್ಣ, ಕೆಂಪೂ ಅಲ್ಲ ಕಪ್ಪೂ ಅಲ್ಲ. ಅಲ್ಲಿ ಸುಣ್ಣದ ಉಂಡೆ ಎಷ್ಟು ಆಳದಲ್ಲಿ ಶುರುವಾಗುತ್ತದೆ ಅಂತ ನೋಡಬೇಕು. ಮುಂಗಾರಿಗೆ ಮೊದಲು ನಾಲ್ಕನೇ ಗುಂಡಿ ಅಲ್ಲೇ.