ಹಗ್‌ಗ ಹೋಗಿ ಹಗ್ಗ ಆಗುವವರೆಗೆ

ನನ್ನ ಗೇಮ್‌ನಲ್ಲಿ ಮೊದಲು ಕಾಣಬೇಕಿದ್ದ ಮಾತು ‘ಹಗ್ಗ ಹಿಡಿ’. ಪರದೆ ಮೇಲೆ ಬಂದದ್ದು ‘ಹಗ್‌ಗ ಹಿಡಿ’. ಒತ್ತಕ್ಷರ ಕೆಳಗೆ ಇಳಿಯಲೇ ಇಲ್ಲ. ಹಿ, ಡಿ ಎರಡರ ಗುಡಿಸೂ ಅಕ್ಷರಕ್ಕೆ ಅಂಟದೆ ಪಕ್ಕದಲ್ಲಿ ನಿಂತುಬಿಟ್ಟಿತ್ತು. ನನ್ನ ಹೊಟ್ಟೆಪಾಡೇ ಕನ್ನಡ ಅಕ್ಷರ ಜೋಡಿಸೋದು. ಹೀಗಿರುವಾಗ ಇದನ್ನು ನೋಡಿ ಸುಮ್ನೆ ಇರೋಕಾಗುತ್ತಾ?

ನಾನು ಬೀದರ್‌ನಲ್ಲಿ ಒಂದು ಫ್ಲೆಕ್ಸ್ ಅಂಗಡಿಯ ಡಿಸೈನರ್. ಹುಟ್ಟುಹಬ್ಬ, ಜಾತ್ರೆ, ಚುನಾವಣೆ, ಶ್ರದ್ಧಾಂಜಲಿ, ಎಲ್ಲ ನನ್ನ ಕೈಯಲ್ಲೇ ಆಗಬೇಕು. ಕೋಡಿಂಗ್ ಗಂಧಗಾಳಿ ಇರಲಿಲ್ಲ. 2021ರ ಲಾಕ್‌ಡೌನ್‌ನಲ್ಲಿ ಅಂಗಡಿ ಬಂದ್ ಆದಾಗ ಗೇಮ್ ಮಾಡುವ ಹುಚ್ಚು ಹತ್ತಿತು. ಮನೆಯಲ್ಲಿದ್ದದ್ದು ಒಂದು ಹಳೆ ಐ3 ಕಂಪ್ಯೂಟರ್. 8 ಜಿಬಿ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗೇಮ್ ಕಟ್ಟೋಕೆ ಒಂದು ಸಾಫ್ಟ್‌ವೇರ್ ಬೇಕು, ಅದಕ್ಕೆ ಎಂಜಿನ್ ಅಂತಾರೆ. ಎಲ್ಲರೂ ಹೇಳುವ ಅನ್‌ರಿಯಲ್ ಇಳಿಸಿಕೊಳ್ಳೋಕೆ ಹತ್ತಾರು ಜಿಬಿ ಬೇಕು. ನನ್ನ ಮೊಬೈಲ್ ಡೇಟಾ ದಿನಕ್ಕೆ 1.5 ಜಿಬಿ. ಗೊಡೊ ಎಂಜಿನ್ 100 ಎಂಬಿಯೂ ಇರಲಿಲ್ಲ. ಜಿಪ್ ಬಿಚ್ಚಿ ಡಬಲ್ ಕ್ಲಿಕ್ ಮಾಡಿದರೆ ಆಯ್ತು, ತೆರೆದುಕೊಂಡಿತು. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ್ದು, 2014ರಿಂದ ಓಪನ್ ಸೋರ್ಸ್, ಅಂದರೆ ಒಳಗಿನ ಕೋಡ್ ಎಲ್ಲರಿಗೂ ಮುಕ್ತ. ಗೇಮ್ ಮಾರಿ ದುಡ್ಡು ಮಾಡಿದರೂ ಯಾರಿಗೂ ಪಾಲು ಕೊಡಬೇಕಿಲ್ಲ. ನಾನು ಗೊಡೊ ಆರಿಸಿಕೊಂಡೆ ಅನ್ನೋದಕ್ಕಿಂತ ನನ್ನ ಡೇಟಾ ಪ್ಯಾಕ್ ಆರಿಸಿತು ಅನ್ನೋದೇ ಸರಿ.

ಮೊದಲ ಮೂರು ತಿಂಗಳು ವಿಡಿಯೊ ನೋಡಿದ್ದೇ ನೋಡಿದ್ದು. ಅವರು ಟೈಪ್ ಮಾಡಿದ್ದನ್ನು ನಾನೂ ಟೈಪ್ ಮಾಡುತ್ತಿದ್ದೆ, ಓಡುತ್ತಿತ್ತು, ಖುಷಿಯಾಗುತ್ತಿತ್ತು. ವಿಡಿಯೊ ಬಂದ್ ಮಾಡಿ ಖಾಲಿ ಪ್ರಾಜೆಕ್ಟ್ ತೆರೆದರೆ ತಲೆಯೂ ಖಾಲಿ. ಅಂತಹ ನಾಲ್ಕು ಅರೆಬರೆ ಗೇಮ್ ಇವತ್ತಿಗೂ ಹಾರ್ಡ್ ಡಿಸ್ಕ್‌ನಲ್ಲಿ ಬಿದ್ದಿವೆ. ಅವುಗಳ ಬಗ್ಗೆ ಹೇಳೋಕೆ ಏನೂ ಇಲ್ಲ.

ದಾರಿ ಸಿಕ್ಕಿದ್ದು ಬೀದರ್ ಪಕ್ಕದ ನೌಬಾದ್‌ನಲ್ಲಿ. ಅಲ್ಲಿ ಬಹಮನಿ ಕಾಲದ ಕರೇಜ್ ಇದೆ. ನಮ್ಮ ಕಡೆ ಸುರಂಗ ಬಾವಿ ಅಂತಾರೆ. ನೆಲದಡಿಯಲ್ಲಿ ಕಾಲುವೆ, ಅದರ ಉದ್ದಕ್ಕೂ ಅಲ್ಲಲ್ಲಿ ಮೇಲಕ್ಕೆ ತೆರೆದ ಗಾಳಿಬಾವಿಗಳು. ಪರ್ಷಿಯಾದ ಕಡೆಯಿಂದ ಬಂದ ವಿದ್ಯೆ. ನೆಲ ಸ್ವಲ್ಪವೇ ಇಳಿಜಾರು, ಅಷ್ಟರಿಂದಲೇ ನೀರು ತಾನಾಗಿ ಹರಿಯುತ್ತದೆ. ಒಂದು ಭಾನುವಾರ ಅಣ್ಣನ ಮಗನ ಜೊತೆ ಹೋಗಿ ಒಂದು ಗಾಳಿಬಾವಿಯೊಳಗೆ ಇಣುಕಿದೆ. ಮೇಲಿಂದ ಬಿಸಿಲು ಒಂದೇ ಪಟ್ಟಿಯಾಗಿ ಕೆಳಗೆ ಬಿದ್ದಿತ್ತು, ಸುತ್ತ ಕತ್ತಲು. ಗೇಮ್ ಅಲ್ಲೇ ಹೊಳೆಯಿತು. ಒಬ್ಬ ಹುಡುಗ, ಒಂದು ಹಗ್ಗ, ಒಂದು ಬಕೆಟ್. ಬಾವಿಯಿಂದ ಬಾವಿಗೆ ಹೋಗಬೇಕು, ನೀರು ಮೇಲೆತ್ತಬೇಕು. ಮೇಲಿನ ಪದರ ಜಂಬಿಟ್ಟಿಗೆ, ತೂತುತೂತು, ನೀರು ಸೋರಬೇಕು. ಕೆಳಗೆ ಕರಿಕಲ್ಲು, ಅಲ್ಲಿ ನೀರು ನಿಲ್ಲಬೇಕು. ಬೀದರ್ ನೆಲವೇ ಹಾಗಿರೋದು, ಲೆವೆಲ್ ಡಿಸೈನ್ ನಾನು ಮಾಡಲೇ ಬೇಕಿರಲಿಲ್ಲ.

ಗೊಡೊದಲ್ಲಿ ಎಲ್ಲವೂ ನೋಡ್ (node), ಅಂದರೆ ಗೇಮ್ ಕಟ್ಟುವ ಒಂದೊಂದು ತುಂಡು. ಹುಡುಗ ಒಂದು ನೋಡ್, ಅವನ ಚಿತ್ರ ಅದರ ಒಳಗೆ ಇನ್ನೊಂದು ನೋಡ್, ಅವನ ಮೈ ಎಲ್ಲಿಗೆ ತಾಗುತ್ತದೆ ಅನ್ನೋ ಚೌಕ ಮತ್ತೊಂದು. ಅಂಗಡಿಯಲ್ಲಿ ಡಿಸೈನ್ ಮಾಡುವ ಕೋರಲ್‌ಡ್ರಾದಲ್ಲಿ ಗ್ರೂಪ್ ಒಳಗೆ ಗ್ರೂಪ್ ಮಾಡುವವನಿಗೆ ಇದೇನೂ ಕಷ್ಟ ಅನ್ನಿಸಲಿಲ್ಲ. ಎಡವಿದ್ದು ಅದಕ್ಕಿಂತ ಸಣ್ಣ ಕಡೆ. ಬಕೆಟ್ ಮೇಲೆ ಬರಲಿ ಅಂತ ಮೇಲೆ-ಕೆಳಗಿನ ಸ್ಥಾನ ಹೇಳುವ ವೈ ಬೆಲೆಗೆ 200 ಕೂಡಿಸಿದೆ. ಪಕ್ಕದಲ್ಲಿದ್ದ ಅಣ್ಣನ ಮಗ ಕೂಗಿದ: ‘ಕಾಕಾ, ಎಳದ್ರ ಕೆಳಗ ಹೋಗ್ಲಾಕತ್ತದ!’ ಕೋರಲ್‌ಡ್ರಾದಲ್ಲಿ ವೈ ಹೆಚ್ಚಿದರೆ ಮೇಲೆ. ಇಲ್ಲಿ ಲೆಕ್ಕ ಪರದೆಯ ಮೇಲಿನ ಎಡಮೂಲೆಯಿಂದ ಶುರು, ಹೆಚ್ಚಿದರೆ ಕೆಳಗೆ. ಮೈನಸ್ ಹಾಕಿದೆ, ಸರಿಹೋಯ್ತು. ಡೆಲ್ಟಾ ವಿಷಯವೂ ಹೀಗೇ. ಎರಡು ಫ್ರೇಮ್ ನಡುವೆ ಎಷ್ಟು ಸಮಯ ಆಯ್ತು ಅನ್ನೋ ಆ ಸಂಖ್ಯೆಯಿಂದ ವೇಗವನ್ನು ಗುಣಿಸಲಿಲ್ಲ. ನನ್ನ ಕಂಪ್ಯೂಟರ್‌ನಲ್ಲಿ ನಿಧಾನಕ್ಕೆ ನಡೆಯುತ್ತಿದ್ದ ಹುಡುಗ ಗೆಳೆಯನ ಸೆಕೆಂಡಿಗೆ 144 ಫ್ರೇಮ್ ತೋರಿಸುವ ಮಾನಿಟರ್‌ನಲ್ಲಿ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿದ.

ನನ್ನನ್ನು ನಿಜವಾಗಿ ಕಾಡಿದ್ದು ಹಗ್ಗ. 20 ಪುಟ್ಟ ತುಂಡು ಮಾಡಿ ಒಂದಕ್ಕೊಂದು ಪಿನ್ ಜಾಯಿಂಟ್, ಅಂದರೆ ತಿರುಗುವ ಗಂಟು, ಹಾಕಿ ಕೊನೆಗೆ ಬಕೆಟ್ ಕಟ್ಟಿದೆ. ಖಾಲಿ ಬಕೆಟ್ ಇದ್ದಾಗ ಚೆನ್ನಾಗಿ ತೂಗಾಡಿತು. ನೀರು ತುಂಬಿತು ಅಂತ ಭಾರ ಹೆಚ್ಚಿಸಿದ ಕೂಡಲೇ ಹಗ್ಗ ರಬ್ಬರ್‌ನಂತೆ ಉದ್ದವಾಯ್ತು, ಚಳಿಜ್ವರ ಬಂದಂತೆ ನಡುಗಿತು. ಎಂಜಿನ್ ಸೆಕೆಂಡಿಗೆ 60 ಸಲ ಒಂದೊಂದೇ ಗಂಟನ್ನು ಸರಿಮಾಡುತ್ತಾ ಹೋಗುತ್ತದೆ. ಹಗುರ ತುಂಡುಗಳ ಕೊನೆಗೆ ಭಾರ ನೇತಾಡಿದರೆ ಕೆಳಗಿನ ಗಂಟು ಸರಿಯಾಗೋದರೊಳಗೆ ಮೇಲಿನದು ಕೆಟ್ಟಿರುತ್ತದೆ. ಮೂರು ವಾರ ಸಂಖ್ಯೆ ಬದಲಿಸಿದ್ದೇ ಬದಲಿಸಿದ್ದು. ‘ಇಡೀ ರಾತ್ರಿ ಏನ್ ಮಾಡ್ಲಾಕತ್ತಿದಿಯೋ?’ ಅಂತ ಅವ್ವ ಕೇಳಿದರೆ ‘ಹಗ್ಗ ಹೊಸಿಲಾಕತ್ತೀನಿ’ ಅಂದೆ. ಅವಳು ಮತ್ತೆ ಏನೂ ಕೇಳಲಿಲ್ಲ.

ಕೊನೆಗೆ ಮನೆ ಹಿಂದಿನ ಬಾವಿಯಲ್ಲಿ ಬಕೆಟ್ ಇಳಿಸಿ ನೋಡಿದೆ. ತುಂಬಿದ ಬಕೆಟ್ ಕಟ್ಟಿದ ಹಗ್ಗ ಬಳುಕೋದೇ ಇಲ್ಲ! ನೆಟ್ಟಗೆ ಗೆರೆ ಎಳೆದಂತೆ ನಿಂತಿರುತ್ತದೆ. ಆ 20 ತುಂಡೂ ತೆಗೆದು ಹಾಕಿದೆ. ಈಗ ನನ್ನ ಗೇಮ್‌ನಲ್ಲಿ ಹಗ್ಗ ಅಂದರೆ ಎರಡು ಬಿಂದುಗಳ ನಡುವಿನ ಒಂದು ಗೆರೆ. ಮೇಲಿನ ಬಿಂದು ಹುಡುಗನ ಕೈ, ಕೆಳಗಿನದು ಬಕೆಟ್ ಹಿಡಿ. ಮೂರು ಸಾಲಿನ ಕೋಡ್. ಆಡಿದವರಲ್ಲಿ ಒಬ್ಬರೂ ಇದು ನಿಜವಾದ ಹಗ್ಗ ಅಲ್ಲ ಅಂದಿಲ್ಲ.

ಇನ್ನು ಅಕ್ಷರದ ಹಗ್ಗ. ಕನ್ನಡದಲ್ಲಿ ಗ, ಅರ್ಧಾಕ್ಷರ ಮಾಡುವ ಚಿಹ್ನೆ, ಗ ಅಂತ ಮೂರು ಸಂಕೇತ ಸಾಲಾಗಿ ಬಂದರೆ ಅದನ್ನು ಗ್ಗ ಅಂತ ಜೋಡಿಸಿ ಬರೆಯುವ ಕೆಲಸ ಯಾರಾದರೂ ಮಾಡಬೇಕಲ್ಲ. ನಾನು ಬಳಸುತ್ತಿದ್ದ ಗೊಡೊ 3ರಲ್ಲಿ ಆ ವ್ಯವಸ್ಥೆ ಇರಲಿಲ್ಲ. ಇಂಗ್ಲಿಷ್ ಹಾಕಿಬಿಡು ಅಂತ ಗೆಳೆಯರು ಹೇಳಿದರು. ನೌಬಾದ್ ಬಾವಿಯಲ್ಲಿ ಇಂಗ್ಲಿಷ್ ಯಾಕೆ?

ಆಗ ನೆನಪಾದದ್ದು ಅಂಗಡಿಯ ಹಳೆ ನುಡಿ ಫಾಂಟ್. ಕನ್ನಡದಲ್ಲಿ ಯುನಿಕೋಡ್ ಬಳಕೆ ಹರಡುವ ಮೊದಲಿನ ಕಾಲದ್ದು. ಅದರಲ್ಲಿ ಒತ್ತಕ್ಷರ, ಗುಡಿಸು ಬೆರೆತ ಅಕ್ಷರ ಎಲ್ಲವೂ ಬೇರೆ ಬೇರೆ ಅಚ್ಚು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಅವನ್ನು ಕೂರಿಸಿರುತ್ತಾರೆ. ಫಾಂಟ್ ಬದಲಾದರೆ ಕನ್ನಡ ಹೋಗಿ ಚಿತ್ರಾನ್ನ ಆಗುತ್ತದೆ ಅಂತ ಎಲ್ಲರೂ ಬೈಯುವುದು ಇದನ್ನೇ. ನನಗೆ ಬೇಕಿದ್ದದ್ದೂ ಇದೇ. ಜೋಡಿಸುವ ಕೆಲಸವೇ ಇಲ್ಲ ಅಂದಮೇಲೆ ಎಂಜಿನ್‌ಗೆ ತಪ್ಪು ಮಾಡೋಕೆ ಜಾಗ ಎಲ್ಲಿ? ಕೋಡ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಅಂಟಿಸಿದೆ. ಪರದೆ ಮೇಲೆ ‘ಹಗ್ಗ ಹಿಡಿ’ ಅಂತ ಮುತ್ತಿನಂತೆ ಬಂತು. ಒಂದೂವರೆ ವರ್ಷ ಹೀಗೇ ನಡೆಯಿತು.

2023ರ ಮಾರ್ಚ್‌ನಲ್ಲಿ ಗೊಡೊ 4 ಬಂತು. ಅದಕ್ಕೆ ನಮ್ಮ ಲಿಪಿ ಜೋಡಿಸೋಕೆ ಬರುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಹಾಕಿ ನೇರವಾಗಿ ಕನ್ನಡದಲ್ಲೇ ಟೈಪ್ ಮಾಡಿದೆ, ಒತ್ತಕ್ಷರ ತಾನಾಗಿ ಕೆಳಗಿಳಿಯಿತು. ಆದರೆ ಹಳೆ ಕೋಡ್ ತುಂಬಾ ಕೆಂಪು ಕೆಂಪು ತಪ್ಪು. ಎಷ್ಟೋ ನೋಡ್‌ಗಳ ಹೆಸರೇ ಬದಲಾಗಿತ್ತು. ಅದೆಲ್ಲ ಸರಿಮಾಡಿ ಓಡಿಸಿದರೆ, ಕೈಬಿಟ್ಟ ಬಕೆಟ್ ಗುಂಡಿನಂತೆ ಕೆಳಗೆ ಬಿತ್ತು. ಅರ್ಧ ದಿನ ನನ್ನ ಕೋಡನ್ನೇ ಜಾಲಾಡಿದೆ. ಅಲ್ಲಿ ಏನೂ ತಪ್ಪಿರಲಿಲ್ಲ. 2ಡಿಯಲ್ಲಿ ಗುರುತ್ವದ ಮೂಲ ಬೆಲೆ ಹಳೆಯದರಲ್ಲಿ 98 ಇತ್ತು, ಹೊಸದರಲ್ಲಿ 980. ನಾನು ಅದನ್ನು ಯಾವತ್ತೂ ಮುಟ್ಟಿರಲಿಲ್ಲವಾದ್ದರಿಂದ ಪ್ರಾಜೆಕ್ಟ್ ಹೊಸ ಬೆಲೆಯನ್ನೇ ತೆಗೆದುಕೊಂಡಿತ್ತು.

ಬಾವಿಯ ಬಿಸಿಲಿಗೆ ಮೊದಲು ಎಂಜಿನ್‌ನ ಲೈಟ್ ನೋಡ್‌ಗಳನ್ನೇ ಇಟ್ಟಿದ್ದೆ. ಕಂಪ್ಯೂಟರ್‌ನಲ್ಲಿ ಚಂದ, ಅಗ್ಗದ ಫೋನ್‌ನಲ್ಲಿ ಬಿಸಿ. ಫ್ಲೆಕ್ಸ್ ಅಂಗಡಿಯ ಬುದ್ಧಿ ಓಡಿಸಿ ಬಿಸಿಲನ್ನು ಮಸುಕು ಹಳದಿ ಪಟ್ಟಿಯಾಗಿ ಬರೆದು ಮೇಲೆ ಹೊದಿಸಿದೆ. ಅಷ್ಟೇ.

ಈಗ ಪ್ಲೇ ಸ್ಟೋರ್ ಬಾಗಿಲಲ್ಲಿ ನಿಂತಿದ್ದೇನೆ. ಖಾತೆಗೆ ಒಂದೇ ಸಲ 25 ಡಾಲರ್ ಕಟ್ಟಬೇಕು, ಕಟ್ಟಿದೆ. ನನ್ನಂತಹ ಹೊಸ ವೈಯಕ್ತಿಕ ಖಾತೆಯಾದರೆ 12 ಜನ ಬಿಡದೆ 14 ದಿನ ಪರೀಕ್ಷೆಯಲ್ಲಿ ಇರಬೇಕು. ಕೋಡ್ ಬರೆಯೋದಕ್ಕಿಂತ ಈ 12 ಜನರನ್ನು ಹಿಡಿದಿಡೋದೇ ಕಷ್ಟ. ಅಂಗಡಿ ಮಾಲಕರು, ಅವರ ಮಗಳು, ಪ್ರಿಂಟಿಂಗ್ ಮಷಿನ್ ಹುಡುಗ, ಚಹಾ ಅಂಗಡಿಯ ಕಾಕಾ, ಹೀಗೆ 11 ಜನ ಆದರು. 12ನೆಯವರು ನೌಬಾದ್‌ನ ಒಬ್ಬ ಹಿರಿಯರು. ಹತ್ತು ನಿಮಿಷ ಆಡಿ ಫೋನ್ ವಾಪಸ್ ಕೊಟ್ಟು, ‘ಎಲ್ಲಾ ಬರೋಬರಿ ಅದ ತಮ್ಮಾ, ಆದ್ರ ಬಕೆಟ್ ನೀರಿಗಿ ಬಿದ್ದಾಗ ಸಪ್ಪಳ ಎಲ್ಲಿ ಅದ?’ ಅಂದರು.

ಇಂಟರ್‌ನೆಟ್‌ನಿಂದ ಇಳಿಸಿದ ಯಾವ ಶಬ್ದವೂ ಹೊಂದುತ್ತಿಲ್ಲ. ಎಲ್ಲ ಈಜುಕೊಳದಂತೆ ಕೇಳುತ್ತವೆ. ಭಾನುವಾರ ಬೆಳಿಗ್ಗೆ, ಬೀದಿಯಲ್ಲಿ ಗಾಡಿ ಸದ್ದು ಶುರುವಾಗೋ ಮೊದಲು, ಮನೆ ಹಿಂದಿನ ಬಾವಿಗೆ ಬಕೆಟ್ ಬಿಟ್ಟು ಫೋನ್‌ನಲ್ಲಿ ರೆಕಾರ್ಡ್ ಮಾಡಬೇಕು. ಅವ್ವನ ಹಗ್ಗ ಹಳೆಯದಾಗಿದೆ, ಒಂದು ಹೊಸದು ತರಬೇಕು.