ಮೂವತ್ತಾರು ಗೇಜ್ ವೈರಿನ ಕಾವಲು

ಅಂಗಡಿಗೆ ಬಂದ ಕಳ್ಳರನ್ನು ಓಡಿಸುವ ವಿಷಯದಲ್ಲಿ ಹದಿನೆಂಟು ಸಾವಿರದ ಕ್ಯಾಮೆರಾ ಸೆಟ್ ಮಾಡದ ಕೆಲಸವನ್ನು ಮೂವತ್ತು ಗ್ರಾಂ ವೈಂಡಿಂಗ್ ವೈರ್, ಅಂದರೆ ಮೋಟಾರಿನೊಳಗೆ ಸುತ್ತುವ ಸಣ್ಣ ತಾಮ್ರದ ತಂತಿ, ಮಾಡಿತು. ನಮ್ಮ ಕಡೆಯ ರೀವೈಂಡಿಂಗ್‌ನವರು, ವೆಲ್ಡಿಂಗ್ ಶಾಪಿನವರು ಹೇಗೆ ಮಾಡಿದೆ ಅಂತ ಕೇಳುತ್ತಲೇ ಇದ್ದಾರೆ. ಮೊದಲು ಕೇಳಿ ನಕ್ಕವರೂ ಅವರಲ್ಲಿದ್ದಾರೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದುಬಿಡುತ್ತೇನೆ.

ನನ್ನದು ತಿಪಟೂರು ಕಡೆ. ಮುಂದೆ ಸುಟ್ಟ ಮೋಟಾರ್ ರೀವೈಂಡಿಂಗ್ ಮಾಡುವ ಅಂಗಡಿ, ಹಿಂದೆ ಮನೆ, ನಡುವೆ ಒಂದು ಓಣಿ. ಅಂಗಡಿ ಹದಿನಾರು ಬೈ ಇಪ್ಪತ್ತೆರಡು ಅಡಿ, ಮೇಲೆ ತಗಡಿನ ಶೀಟು. ಬೇಸಿಗೆಯಲ್ಲಿ ತೆಂಗಿಗೆ ನೀರು ಬಿಡುವ ಹೊತ್ತಿಗೆ ಬೋರ್‌ವೆಲ್ ಮೋಟಾರ್‌ಗಳು ಬಾಗಿಲವರೆಗೂ ಸಾಲು ನಿಲ್ಲುತ್ತವೆ. ತಾಮ್ರ ಈಗ ಬಲು ದುಬಾರಿ. ಸುಟ್ಟ ವೈರಿಗೂ ಗುಜರಿಯಲ್ಲಿ ಒಳ್ಳೆ ರೇಟಿದೆ. ಹಾಗಾಗಿ ಕಳ್ಳನಿಗೆ ನಮ್ಮ ಅಂಗಡಿಯೂ ಒಡವೆ ಅಂಗಡಿಯೇ. ಅದರಲ್ಲೂ ಅರ್ಧ ಮಾಲು ನಮ್ಮದಲ್ಲ, ರೈತರದ್ದು. ಹೋದರೆ ನಾವೇ ಕಟ್ಟಿಕೊಡಬೇಕು.

ಆಷಾಢದ ಒಂದು ರಾತ್ರಿ ಶಟರ್‌ಗೆ ಜಾಕ್ ಕೊಟ್ಟಿದ್ದರು. ಎರಡೂ ಬದಿಯ ಬೀಗ ಹಾಗೇ ಇದ್ದವು. ನಡುವೆ ಮಾತ್ರ ಪಟ್ಟಿ ಬಿಲ್ಲಿನ ಹಾಗೆ ಬಾಗಿ, ಮಗು ನುಗ್ಗುವಷ್ಟು ಸಂದು ಆಗಿತ್ತು. ಹಾಲಿನ ಗಾಡಿ ಬಂದಿದ್ದಕ್ಕೆ ಬಿಟ್ಟು ಓಡಿದ್ದಾರೆ. ಜಾಕ್ ಅಲ್ಲೇ ಇತ್ತು, ಆಮೇಲೆ ಪೊಲೀಸಿನವರು ತೆಗೆದುಕೊಂಡು ಹೋದರು. ಮೇಲೆ ಹತ್ತಿ ನೋಡಿದರೆ ಇನ್ನೊಂದು ವಿಷಯ ಗೊತ್ತಾಯಿತು. ಶೀಟಿನ ಜೆ ಬೋಲ್ಟುಗಳಲ್ಲಿ ಮೂರ್ನಾಲ್ಕರ ನಟ್ಟು ಆಗಲೇ ಸಡಿಲ. ಕೊಕ್ಕೆ ಒಳಗೆ ಪರ್ಲಿನ್‌ಗೆ (ಶೀಟು ಹೊರುವ ಅಡ್ಡ ಕಂಬಿಗೆ), ನಟ್ಟು ಹೊರಗೆ ಆಕಾಶಕ್ಕೆ. ಸ್ಪ್ಯಾನರ್ ಇದ್ದವನಿಗೆ ಛಾವಣಿಯೇ ಬಾಗಿಲು. ನಾವೆಲ್ಲ ಶಟರ್ ಬೀಗಕ್ಕೆ ಸಾವಿರಗಟ್ಟಲೆ ಸುರಿಯುತ್ತೇವೆ, ತಲೆ ಮೇಲೆ ನೋಡುವುದೇ ಇಲ್ಲ ಅಲ್ವಾ?

ಶಟರ್ ಕೆಲಸ ಬೇಗ ಮುಗಿಯಿತು. ಕೆಳಗಿನ ಪಟ್ಟಿಗೆ ಉದ್ದಕ್ಕೂ ಐವತ್ತು ಎಂ.ಎಂ. ಕಬ್ಬಿಣದ ಆಂಗಲ್ ಬೆಸೆದೆ. ನಡುವೆ ನೆಲಕ್ಕೆ ಸೆಂಟರ್ ಲಾಕ್ ಕೂರಿಸಿ, ಅದರ ಸುತ್ತ ದಪ್ಪ ಪ್ಲೇಟಿನ ಡಬ್ಬಿ ಬೆಸೆದೆ. ಕೈ ಹೋಗುತ್ತೆ, ಕಟ್ಟರ್ ಹೋಗಲ್ಲ. ಗೈಡ್ ಚಾನೆಲ್ ಗೋಡೆಯಿಂದ ಕಿತ್ತು ಬರದ ಹಾಗೆ ಆಂಕರ್ ಬೋಲ್ಟ್ ಹೊಡೆದೆ. ವೆಲ್ಡಿಂಗ್ ನನ್ನದೇ, ಆದ್ದರಿಂದ ಐದಾರು ಸಾವಿರದೊಳಗೆ ಮುಗಿಯಿತು. ಹೊರಗೆ ಮಾಡಿಸಿದರೆ ಡಬಲ್ ಆಗುತ್ತಿತ್ತು.

ಆಮೇಲೆ ಎಲ್ಲರೂ ಹೇಳಿದ ಹಾಗೆ ಕ್ಯಾಮೆರಾ. ನಾಲ್ಕು ಕ್ಯಾಮೆರಾ, ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ), ಹಾರ್ಡ್ ಡಿಸ್ಕ್, ಕ್ಯಾಮೆರಾ ಹಾಕುವ ಹುಡುಗನ ಕೂಲಿ ಸೇರಿ ಹದಿನೆಂಟು ಸಾವಿರ. ಹುಡುಗ ಡಿವಿಆರನ್ನು ಅಂಗಡಿಯ ಮೇಜಿನ ಮೇಲೇ ಇಡಲು ಹೊರಟಿದ್ದ. ಕಳ್ಳ ಮೊದಲು ಹೊತ್ತೊಯ್ಯುವುದೇ ಅದನ್ನ! ಮನೆಯ ಅಟ್ಟಕ್ಕೆ ಹಾಕಿಸಿದೆ. ಮೇಜಿನ ಮೇಲೆ ಕೆಟ್ಟ ಡಿಶ್ ಬಾಕ್ಸ್ ಒಂದನ್ನು ಹಸಿರು ಲೈಟ್ ಹೊತ್ತಿಸಿ ಇಟ್ಟಿದ್ದೇನೆ. ಬೇಕಾದವರು ತೆಗೆದುಕೊಂಡು ಹೋಗಲಿ.

ಕ್ಯಾಮೆರಾದ ಕಾಟ ರಾತ್ರಿಯಲ್ಲಿ. ಅದರ ಇನ್‌ಫ್ರಾರೆಡ್ ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಲೆನ್ಸಿನ ಮುಂದೇ ಬಲೆ ಕಟ್ಟುತ್ತದೆ. ಬಲೆ ಅಲ್ಲಾಡಿದಾಗಲೆಲ್ಲ ಫೋನು ಕುಯ್ಯೋ ಅನ್ನುತ್ತದೆ. ಕ್ಯಾಮೆರಾದೊಳಗಿನ ಬೆಳಕು ಆಫ್ ಮಾಡಿ, ಐದಾರು ಅಡಿ ದೂರದಲ್ಲಿ ಬೇರೆ ಲೈಟ್ ಹಾಕಿದ ಮೇಲೆ ಜೇಡಗಳು ಆ ಕಡೆ ಮನೆ ಮಾಡಿದವು. ಇದನ್ನು ಕ್ಯಾಮೆರಾ ಹಾಕಿದ ಹುಡುಗ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡಿದ್ದು. ಆದರೂ ನನ್ನ ಲೆಕ್ಕ ಇಷ್ಟೇ: ಕ್ಯಾಮೆರಾ ಯಾರು ಕದ್ದರು ಅಂತ ತೋರಿಸುತ್ತೆ. ಅದೂ ಮುಖ ಮುಚ್ಚದೆ ಬಂದರೆ ಮಾತ್ರ. ನನಗೆ ಬೇಕಿದ್ದದ್ದು ಕದಿಯೋಕೆ ಮುಂಚೆ ಎಬ್ಬಿಸುವಂಥದ್ದು.

ಮೈ ಬಿಸಿಯ ಅಲ್ಲಾಟ ಹಿಡಿದು ಕೂಗುವ ಪಿ.ಐ.ಆರ್. ಸೆನ್ಸರ್ ತಂದೆ. ಹಲ್ಲಿ ಅದರ ಮೇಲೇ ಹರಿದಾಡಿತು. ಬೆಕ್ಕು ಬಂತು. ಹಗಲೆಲ್ಲ ಕಾದ ತಗಡಿನಿಂದ ಸಂಜೆ ಬಿಸಿಗಾಳಿ ಇಳಿದರೂ ಕೂಗಿಕೊಂಡಿತು. ಶಟರ್‌ಗೆ ಅದು ಎದ್ದರೆ ಕೂಗಿಸುವ ಮ್ಯಾಗ್ನೆಟ್ ಸ್ವಿಚ್ ಹಾಕಿದೆ. ನಮ್ಮ ಕಡೆ ಆಷಾಢದ ಗಾಳಿ ಗೊತ್ತಲ್ಲ, ಶಟರ್ ರಾತ್ರಿಯಿಡೀ ದಡಬಡ ಅನ್ನುತ್ತೆ, ಬಾಗಿಲಿಗೆ ಹಾಕುವ ಸಣ್ಣ ಸ್ವಿಚ್ ಆ ಅಲ್ಲಾಟ ತಡೆಯಲ್ಲ. ಶಟರ್‌ಗೆಂದೇ ದೊಡ್ಡದು ಬರುತ್ತದೆ, ಎರಡು ಇಂಚು ಸಂದು ಇದ್ದರೂ ಹಿಡಿಯುತ್ತದೆ. ಅದನ್ನು ತಂದ ಮೇಲೆ ಸರಿಹೋಯಿತು. ಆದರೆ ಛಾವಣಿ ಹಾಗೇ ಉಳಿಯಿತು.

ಆಗ ಹೊಳೆದದ್ದು ನಮ್ಮ ಮೋಟಾರ್ ಸ್ಟಾರ್ಟರ್. ಡಿ.ಓ.ಎಲ್. ಸ್ಟಾರ್ಟರಿನಲ್ಲಿ ಹಸಿರು ಬಟನ್ ಒತ್ತಿದರೆ ನೋ ವೋಲ್ಟ್ ಕಾಯಿಲ್ (ಕರೆಂಟ್ ಇರುವವರೆಗೆ ಮಾತ್ರ ಸ್ವಿಚ್ ಹಿಡಿದಿಡುವ ಸುರುಳಿ) ತನ್ನ ಕಾಂಟ್ಯಾಕ್ಟ್ ಮೂಲಕ ತಾನೇ ಹಿಡಿದುಕೊಳ್ಳುತ್ತೆ. ಎಲ್ಲಾದರೂ ತಪ್ಪಿದರೆ ಬಿಡುತ್ತೆ, ಮತ್ತೆ ಒತ್ತುವವರೆಗೆ ಹಿಡಿಯಲ್ಲ. ನಿಲ್ಲಿಸುವ ಕೆಂಪು ಬಟನ್ ಇರುವ ಜಾಗದಲ್ಲಿ ಅಂಗಡಿ ಸುತ್ತ ಒಂದು ಸಣ್ಣ ವೈರ್ ಸುತ್ತಿಬಿಟ್ಟರೆ? ಹನ್ನೆರಡು ವೋಲ್ಟಿನ ಐದು ಕಾಲಿನ ಒಂದೇ ರಿಲೇ (ಕರೆಂಟಿನಿಂದ ಹಿಡಿದು ಬಿಡುವ ಸ್ವಿಚ್) ಸಾಕು. ಬ್ಯಾಟರಿ ಪ್ಲಸ್ ಕಾಮನ್‌ಗೆ. ರಿಲೇ ಹಿಡಿದಾಗ ಮಾತ್ರ ಕಾಮನ್‌ಗೆ ಕೂಡುವ ಕಾಲು ಎನ್.ಓ., ಅದರಿಂದ ಲೂಪ್, ಅಂದರೆ ಆ ಸಣ್ಣ ವೈರ್, ಹೊರಟು ಊರು ಸುತ್ತಿ ಕಾಯಿಲ್‌ಗೆ. ರಿಲೇ ಬಿಟ್ಟಾಗ ಕೂಡುವ ಕಾಲು ಎನ್.ಸಿ., ಅದರಿಂದ ಸೈರನ್. ಕಾಮನ್ ಮತ್ತು ಎನ್.ಓ. ನಡುವೆ ಪುಶ್ ಬಟನ್. ವೈರ್ ಕಟ್ಟಾದರೆ ರಿಲೇ ಬೀಳುತ್ತೆ, ಸೈರನ್ ಶುರು. ಕಳ್ಳ ಗಾಬರಿಯಾಗಿ ವೈರ್ ಮತ್ತೆ ಸೇರಿಸಿದರೂ ನಿಲ್ಲಲ್ಲ.

ಕ್ಯಾಮೆರಾ ಹುಡುಗ ನೋಡಿ ನಕ್ಕ. "ಅಂಕಲ್, ಇದು ತಾತನ ಕಾಲದ್ದು. ಒಂದು ಇಲಿ ಬಂದ್ರೆ ಮುಗೀತು" ಅಂದ. ಪಕ್ಕದ ಹಾರ್ಡ್‌ವೇರ್ ಅಂಗಡಿಯ ಗೆಳೆಯನಂತೂ, "ತಾಮ್ರ ಕದಿಯೋನ ಮುಂದೆ ಇನ್ನಷ್ಟು ತಾಮ್ರ ಕಟ್ತೀಯಲ್ಲೋ ಮಾರಾಯ" ಅಂತ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ.

ಮೊದಲು ಕಟ್ಟಿದ್ದು ನಲವತ್ತು ಗೇಜು (ಗೇಜಿನ ನಂಬರ್ ಹೆಚ್ಚಿದಷ್ಟೂ ವೈರ್ ಸಣ್ಣ). ಕಾಣಲೇಬಾರದು ಅಂತ ಆಸೆ. ಲೂಪ್ ಸುಮಾರು ನೂರಿಪ್ಪತ್ತು ಮೀಟರ್ ಆಯಿತು, ರೆಸಿಸ್ಟೆನ್ಸ್ (ಕರೆಂಟಿಗೆ ವೈರ್ ಕೊಡುವ ತಡೆ) ನೂರೆಪ್ಪತ್ತು ಓಮ್ ದಾಟಿತು. ರಿಲೇ ಕಾಯಿಲ್ ನಾನೂರು ಓಮಿನದು. ಅದಕ್ಕೆ ಸಿಕ್ಕಿದ್ದು ಎಂಟು ವೋಲ್ಟ್ ಚಿಲ್ಲರೆ. ಗಿಟಿಗಿಟಿ ಅಂತು, ಎಳೆಯಲಿಲ್ಲ. ಮೂವತ್ತಾರಕ್ಕೆ ಬದಲಾಯಿಸಿದ ಮೇಲೆ ಲೂಪ್ ಎಪ್ಪತ್ತು ಓಮಿಗೆ ಇಳಿಯಿತು, ರಿಲೇಗೆ ಹತ್ತು ವೋಲ್ಟ್ ಸಿಕ್ಕಿತು, ಠಕ್ ಅಂತ ಹಿಡಿಯಿತು. ಅಷ್ಟೂ ವೈರಿನ ತೂಕ ಮೂವತ್ತು ಗ್ರಾಂ, ಬೆಲೆ ಒಂದು ಮಸಾಲೆ ದೋಸೆಯಷ್ಟೂ ಇಲ್ಲ. ಜಾಯಿಂಟಿನಲ್ಲಿ ವೈರಿನ ಮೇಲಿನ ಎನಾಮಲ್ ಲೇಪ ಪೂರ್ತಿ ಕೆರೆದು ಸೋಲ್ಡರ್ ಹಾಕಿ. ಸುಮ್ನೆ ತಿರುಚಿ ಬಿಟ್ಟರೆ ಮಳೆಗಾಲದಲ್ಲಿ ಕೈಕೊಡುತ್ತೆ.

ಮಧ್ಯಾಹ್ನ ಸೈರನ್ ಹೊಡೆಯಿತು. ತಗಡು ಬಿಸಿಲಿಗೆ ಹಿಗ್ಗಿ ಬಿಗಿಯಾಗಿ ಕಟ್ಟಿದ ವೈರನ್ನು ತುಂಡು ಮಾಡಿತ್ತು. ಮತ್ತೆ ಕಟ್ಟಿದೆ, ಇನ್ನೊಂದು ಕಡೆ ತುಂಡಾಯಿತು. ಕೊನೆಗೆ ಹೊಂದಿಸಿಕೊಂಡಿದ್ದು ಹೀಗೆ. ಪ್ರತಿ ಶೀಟಿಗೂ ಜೆ ಬೋಲ್ಟ್ ಪಕ್ಕ ಒಂದೇ ಕಡೆ ಬಿಗಿ, ಉಳಿದ ಕಡೆ ಒಂದಿಂಚು ಸಡಿಲ. ಹಾಯುವಲ್ಲೆಲ್ಲ ಫೈಬರ್ ಸ್ಲೀವ್. ಹಿಗ್ಗಿದರೆ ಸಡಿಲ ಸಾಕು, ಯಾರಾದರೂ ಶೀಟನ್ನು ಮೂರ್ನಾಲ್ಕು ಇಂಚು ಎತ್ತಿದರೆ ಮಾತ್ರ ಕಟ್ಟಾಗಬೇಕು. ಆ ಸಡಿಲ ಎಷ್ಟು ಅನ್ನುವುದು ನಿಮ್ಮ ಶೀಟಿನ ಉದ್ದ ನೋಡಿ ನೀವೇ ಹಿಡಿಯಬೇಕು.

ಇಲಿಯೂ ಬಂತು, ಹುಡುಗ ಶಾಪ ಹಾಕಿದ ಹಾಗೆ. ರಾತ್ರಿ ಎರಡು ಗಂಟೆಗೆ ಇಡೀ ಬೀದಿ ಎದ್ದು ನಿಂತಿತು. ವಾರ್ನಿಷ್‌ಗೆ ಖಾರದ ಪುಡಿ ಕಲಸಿ ವೈರಿಗೆ ಬಳಿದು ನೋಡಿದೆ. ಇಲಿಗೆ ಏನೂ ಆಗಲಿಲ್ಲ, ನನಗೆ ಎರಡು ದಿನ ಸೀನು. ಇಲಿ ಓಡಾಡುವುದು ಪರ್ಲಿನ್ ಮೇಲೆ ಅಂತ ಗಮನಿಸಿ, ವೈರನ್ನು ಪರ್ಲಿನ್‌ನಿಂದ ಮೂರಿಂಚು ದೂರಕ್ಕೆ, ಕಾಲಿಡಲು ಏನೂ ಸಿಗದ ಹಾಗೆ ತೂಗಿಸಿದೆ. ಆಮೇಲೆ ಕಾಟ ತಪ್ಪಿತು.

ಬ್ಯಾಟರಿ ಯುಪಿಎಸ್‌ನ ಏಳು ಆಂಪಿಯರ್ ಅವರ್‌ದು. ರಿಲೇ ಎಳೆಯುವುದು ಮೂವತ್ತು ಮಿಲಿ ಆಂಪಿಯರ್ ಒಳಗೇ. ಕರೆಂಟೇ ಇಲ್ಲದಿದ್ದರೂ ಒಂದು ವಾರ ನಿಶ್ಚಿಂತೆ. ಸೈರನ್ ಎರಡು. ಹೊರಗೆ ಕೈಗೆಟಕುವ ಹಾಗೆ ಒಂದು, ಕಿತ್ತು ಹಾಕಿ ಸಮಾಧಾನ ಪಟ್ಟುಕೊಳ್ಳಲಿ ಅಂತ. ನಿಜವಾದದ್ದು ಎಲ್ಲಿದೆ ಅಂತ ಬರೆಯಲ್ಲ. ಬೆಳಿಗ್ಗೆ ನಾನು ಸೈರನ್ ಹೊಡೆಸದೆ ಒಳಗೆ ಹೋಗುವುದು ಹೇಗೆ ಅನ್ನುವುದನ್ನೂ ಬರೆಯಲ್ಲ.

ಫೋನಿಗೆ ಕರೆ ಬರಲಿ ಅಂತ ಸಿಮ್800 ಅನ್ನುವ, ಸಿಮ್ ಹಾಕಿ ಕರೆ ಮಾಡಿಸುವ ಸಣ್ಣ ಬೋರ್ಡ್ ತಂದು ಒದ್ದಾಡಿದೆ. ಅದು ಟೂಜಿಯದು, ಜಿಯೋ ಸಿಮ್ ನಡೆಯಲ್ಲ. ಬೇರೆ ಸಿಮ್ ಹಾಕಿದರೆ ಕರೆ ಹೋಗುವ ಕ್ಷಣಕ್ಕೆ ಎರಡು ಆಂಪಿಯರ್ ಎಳೆದು ತಾನೇ ರೀಸೆಟ್ ಆಗುತ್ತಿತ್ತು. ದೊಡ್ಡ ಕೆಪಾಸಿಟರ್ ಹಾಕಿದರೆ ಸರಿಹೋಗುತ್ತೆ, ಆದರೆ ಅಷ್ಟು ಹೊತ್ತಿಗೆ ನನಗೆ ಬೇಜಾರು ಬಂದಿತ್ತು. ಹಳೇ ಕೀಪ್ಯಾಡ್ ಫೋನು ಬಿಚ್ಚಿ, ಎರಡನೇ ನಂಬರಿನ ಗುಂಡಿಗೆ ಇನ್ನೊಂದು ರಿಲೇಯ ಕಾಂಟ್ಯಾಕ್ಟ್ ಬೆಸೆದೆ. ಸ್ಪೀಡ್ ಡಯಲ್ ನನ್ನ ನಂಬರಿಗೆ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಇಪ್ಪತ್ನಾಲ್ಕು ಗಂಟೆ ಚಾರ್ಜಿಗೆ ಬಿಟ್ಟರೆ ಬ್ಯಾಟರಿ ಉಬ್ಬುತ್ತೆ, ಟೈಮರ್‌ನಿಂದ ದಿನಕ್ಕೆ ಒಂದು ಗಂಟೆ ಸಾಕು. ರೀಚಾರ್ಜ್ ಮುಗಿದಿದೆಯಾ ನೋಡುತ್ತಿರಿ.

ಛಾವಣಿ ಕೆಲಸದಲ್ಲಿ ಜಾಸ್ತಿ ದುಡ್ಡು ಹೋಗಿದ್ದು ಜಾಲರಿಗೆ. ಪರ್ಲಿನ್ ಕೆಳಗೆ ಎರಡಿಂಚಿನ ವೆಲ್ಡ್ ಮೆಶ್, ಹತ್ತು ಸಾವಿರದ ಮೇಲಾಯಿತು. ಲೂಪ್, ರಿಲೇ, ಬ್ಯಾಟರಿ, ಸೈರನ್ ಎಲ್ಲ ಸೇರಿ ಎರಡೂವರೆ ಸಾವಿರ ದಾಟಿಲ್ಲ. ಎರಡೂ ಬೇಕು. ಸೈರನ್ ಹೊಡೆದ ಮೇಲೂ ಧೈರ್ಯ ಮಾಡಿ ಇಳಿಯುವವನನ್ನು ಜಾಲರಿ ತಡೆಯಬೇಕು.

ಶಟರ್‌ಗೆ ಕರೆಂಟ್ ಕೊಟ್ಟುಬಿಡು ಅಂತ ಸಲಹೆ ಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ದಯವಿಟ್ಟು ಬೇಡ. ಹಂದಿಗೆ ಕಟ್ಟಿದ ಕರೆಂಟ್ ಬೇಲಿಗೆ ಮನೆಯವರೇ ಬಲಿಯಾದ ಸುದ್ದಿ ಕೇಳಿಲ್ಲವೇ. ಕಳ್ಳ ಸತ್ತರೂ ಜೈಲಿಗೆ ಹೋಗುವವರು ನಾವು.

ಮನೆ ಕಡೆ ಕೆಲಸ ಕಡಿಮೆ. ಮುಂಬಾಗಿಲ ಅಲ್ಡ್ರಾಪಿಗೆ ಸ್ಕ್ರೂ ಬದಲು ಆಚೆ ಗುಂಡು ತಲೆ, ಒಳಗೆ ನಟ್ಟು ಬರುವ ಬೋಲ್ಟು ಹಾಕಿದೆ. ಹಿತ್ತಲ ಬಾಗಿಲಿಗೆ ಏನೇನೋ ಲಾಕ್ ಹುಡುಕುತ್ತಿದ್ದಾಗ ನಮ್ಮಮ್ಮ, "ನಮ್ಮೂರ ಮನೇಲಿ ಅಡ್ಡಗೋಲು ಹಾಕ್ತಿದ್ವಿ ಕಣೋ, ಯಾವ ಕಳ್ಳ ಬರ್ತಿದ್ದ?" ಅಂದರು. ಗೋಡೆಗೆ ಎರಡು ಕೊಕ್ಕೆ, ಅಡ್ಡಕ್ಕೆ ಒಂದೂವರೆ ಇಂಚಿನ ಜಿ.ಐ. ಪೈಪು. ದಾರಂದ ಮುರಿದರೂ ಬಾಗಿಲು ತೆರೆಯಲ್ಲ. ಗುಜರಿ ಪೈಪೇ, ಖರ್ಚು ಸೊನ್ನೆ.

ಗೌರಿ ಗಣೇಶ ಕಳೆದ ಮೇಲೆ ಜೋರು ಮಳೆಯ ರಾತ್ರಿ ಮತ್ತೆ ಬಂದರು. ತಗಡಿನ ಮೇಲೆ ಮಳೆ ಬೀಳುವಾಗ ಯಾರು ಹತ್ತಿದರೂ ಕೇಳಿಸಲ್ಲ. ಹಿಂದಿನ ಮೂಲೆಯ ಶೀಟಿನ ನಟ್ಟು ನಾಲ್ಕು ಬಿಚ್ಚಿ ಎತ್ತಿದ್ದಾರೆ. ಎತ್ತಿದ್ದಷ್ಟೇ. ಸೈರನ್ ಹೊಡೆದುಕೊಂಡಿತು, ನನ್ನ ಫೋನೂ ಬಡಿದುಕೊಂಡಿತು. ನಾನು 112ಕ್ಕೆ ಮಾಡುತ್ತಾ ಓಣಿಯ ಲೈಟ್ ಹಾಕುವಷ್ಟರಲ್ಲಿ ಹಿತ್ತಲ ಗೋಡೆ ಹಾರಿದ ಸದ್ದು. ಬೆಳಿಗ್ಗೆ ಶೀಟಿನ ಮೇಲೆ ಒಂದು ಸ್ಪ್ಯಾನರ್ ಮತ್ತು ಒಂದು ಕಾಲಿನ ಚಪ್ಪಲಿ ಇತ್ತು. ಕ್ಯಾಮೆರಾದಲ್ಲಿ ಸಿಕ್ಕಿದ್ದು ಎರಡು ಮಂಕಿ ಕ್ಯಾಪ್, ಮಳೆ ಹನಿ. ಅಂಗಡಿಯಿಂದ ಒಂದು ವಾಶರ್ ಕೂಡ ಹೋಗಿರಲಿಲ್ಲ. ಹಾರ್ಡ್‌ವೇರ್ ಗೆಳೆಯ ಅದೇ ವಾರ ಬಂದು ತನ್ನ ಗೋಡೌನಿಗೂ ಕಟ್ಟಿಸಿಕೊಂಡ. ಕೂಲಿ ತೆಗೆದುಕೊಂಡೇ ಕಟ್ಟಿದೆ.

ತಿಂಗಳಿಗೊಂದು ಸಲ ಲೂಪನ್ನು ನಾನೇ ಬಿಚ್ಚಿ ಸೈರನ್ ಹೊಡೆಸಿ ನೋಡುತ್ತೇನೆ. ಓಮ್ಸ್ ಎಪ್ಪತ್ತರಿಂದ ತೊಂಬತ್ತಕ್ಕೆ ಏರಿದ್ದರೆ ಎಲ್ಲೋ ಜಾಯಿಂಟ್ ಹಾಳಾಗುತ್ತಿದೆ ಅಂತ.

ಈಗ ರೈತರು ತೋಟದ ಬೋರ್‌ವೆಲ್ ಕೇಬಲ್‌ಗೆ ಮಾಡಿಕೊಡು ಅನ್ನುತ್ತಿದ್ದಾರೆ. ಅಲ್ಲಿ ಬಯಲಲ್ಲಿ ಎಳೆದ ವೈರ್ ನಿಲ್ಲುತ್ತಿಲ್ಲ. ತೆಂಗಿನ ಗರಿ ಬಿದ್ದರೆ ಹೋಯಿತು, ನವಿಲು ಕೂತರೆ ಹೋಯಿತು. ಕೇಬಲ್ ಜೊತೆಗೇ ಒಂದು ಸಣ್ಣ ಜೋಡಿ ವೈರ್ ಸುತ್ತಿ, ತುದಿಯಲ್ಲಿ ಸೇರಿಸಿ ನೋಡುತ್ತಿದ್ದೇನೆ. ಕೇಬಲ್ ಕತ್ತರಿಸಿದರೆ ಅದೂ ಕಟ್ಟಾಗಬೇಕು, ಮನೆಯಲ್ಲಿ ಕೂಗಬೇಕು. ಒಂದು ತೋಟದಲ್ಲಿ ಸದ್ಯಕ್ಕೆ ನಿಂತಿದೆ.